ಸಹೋದರ ಯೋಗಿ ಇವತ್ತು ರಜೆ: ಆಫೀಸ್ ಚಾಟಿನ ಅನುವಾದ ಸೇವೆಯ ಜೊತೆ ಏಳು ತಿಂಗಳು

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರು. ಬರೆದದ್ದನ್ನು ಅನುವಾದಿಸುವುದಕ್ಕೆ ನಾಲ್ಕು, ಮಾತಾಡಿದ್ದನ್ನು ಅಕ್ಷರಕ್ಕಿಳಿಸುವುದಕ್ಕೆ ಎರಡು. ಸೇವೆಯ ಹೆಸರು ಬರೆಯುವುದಿಲ್ಲ. ಆಫೀಸಿನ ಚಾಟ್ ಒಳಗೇ ಕೂತು, ಬಂದ ಮೆಸೇಜನ್ನು ನಮ್ಮ ಭಾಷೆಗೆ, ಹೋಗುವುದನ್ನು ಅವರ ಭಾಷೆಗೆ ತಿರುಗಿಸಿಕೊಡುವ ಇಂಥವು ಈಗ ಹಲವಾರಿವೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನವು.

ನಾನು ಯಂತ್ರಗಳಿಗೆ ಕೈಪಿಡಿ ಬರೆಯುವವಳು. ಟೀಮಿನಲ್ಲಿ ಹನ್ನೆರಡು ಜನ, ಹತ್ತು ಭಾಷೆ. ಒಬ್ಬರನ್ನೊಬ್ಬರು ಪರದೆಯ ಮೇಲೆ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಮುಂಚೆ ಎಲ್ಲರೂ ಹರಕು ಮುರುಕು ಇಂಗ್ಲಿಷಿನಲ್ಲಿ ನಡೆಸುತ್ತಿದ್ದೆವು. ಈ ಸೇವೆ ಬಂದ ಮೇಲೆ ಅವರವರ ಭಾಷೆಯಲ್ಲೇ ಬರೆಯಿರಿ ಎಂಬ ಸೂಚನೆ ಬಂತು, ನಾನು ಕನ್ನಡ ಶುರು ಮಾಡಿದೆ.

ಒಳ್ಳೆಯದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪ್ರಿಂಟರಿನ ರೋಲರ್ ಬಿಚ್ಚಿ ಮತ್ತೆ ಕೂರಿಸುವ ಹದಿನಾಲ್ಕು ಹಂತಗಳನ್ನು ಕನ್ನಡದಲ್ಲಿ ಬರೆದು ಕಳಿಸಿದೆ. ಸ್ಪ್ಯಾನಿಷ್ ಓದುವಾತ ಒಂದೇ ಒಂದು ಅನುಮಾನ ಕೇಳಿದ, ಅದೂ ನನ್ನದೇ ತಪ್ಪು. ಅರೇಬಿಕ್‌ನಲ್ಲಿ ಒಬ್ಬರು, ಇಬ್ಬರು, ಹೆಚ್ಚು ಜನ ಎಂದು ಮೂರು ವಚನ. 'ನನ್ನ ಇಬ್ಬರು ಸಹೋದ್ಯೋಗಿಗಳು' ಎಂದಾಗ ಬಹುವಚನ ಹಾಕದೆ ಸರಿಯಾಗಿ ದ್ವಿವಚನವನ್ನೇ ಹಾಕಿತು. ಯಂತ್ರದ ವಿಷಯ, ಲೆಕ್ಕದ ವಿಷಯವಾದರೆ ಕಣ್ಣುಮುಚ್ಚಿ ನಂಬಬಹುದು. ಮನುಷ್ಯರ ವಿಷಯಕ್ಕೆ ಬಂದಾಗ ಎಡವುತ್ತದೆ.

ಎರಡನೇ ವಾರ. ಕೈ ಬಿಡುವಿರಲಿಲ್ಲ, ಮೈಕ್ ಒತ್ತಿ ಹೇಳಿದೆ: 'ನನ್ನ ಸಹೋದ್ಯೋಗಿ ಇವತ್ತು ರಜೆ, ನಾಳೆ ಉತ್ತರ ಕೊಡುತ್ತಾರೆ.' ಅದು ಬರೆದುಕೊಂಡದ್ದು: 'ನನ್ನ ಸಹೋದರ ಯೋಗಿ ಇವತ್ತು ರಜೆ.' ನಾನು ನೋಡದೆ ಕಳಿಸಿಬಿಟ್ಟೆ. ಹತ್ತೂ ಭಾಷೆಗೆ ಹೋಯಿತು. ಜರ್ಮನ್ ಸಹೋದ್ಯೋಗಿ, ನಿಮ್ಮ ಅಣ್ಣ ಯಾವ ಆಶ್ರಮದಲ್ಲಿದ್ದಾರೆ ಎಂದು ಗಂಭೀರವಾಗಿಯೇ ಕೇಳಿದಳು. ಗ್ರೀಕಿನವನು ಮಾತ್ರ ನಗುವ ಮುಖ ಹಾಕಿ, 'ನಮ್ಮಲ್ಲಿ ಅದು ಅಷ್ಟೇನೂ ತಪ್ಪಲ್ಲ' ಎಂದ.

ಯಾಕೆ ಎಂದು ಕೇಳಿದೆ. ಗ್ರೀಕಿನಲ್ಲಿ ಜೊತೆ ಕೆಲಸ ಮಾಡುವವರಿಗೆ 'ಸಿನಾದೆಲ್ಫೊಸ್' ಎನ್ನುತ್ತಾರಂತೆ. 'ಸಿನ್' ಅಂದರೆ ಸಹ, 'ಅದೆಲ್ಫೊಸ್' ಅಂದರೆ ಸಹೋದರ. ಅದೆಲ್ಫೊಸ್ ಪದವನ್ನೂ ಬಿಡಿಸಿದರೆ ಸಿಗುವುದು 'ಒಂದೇ ಗರ್ಭದವನು'. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಮ್ಮ ಸಹೋದರನೂ ಸಹ ಮತ್ತು ಉದರ ಸೇರಿ ಆದವನು, ಒಂದೇ ಹೊಟ್ಟೆಯವನು. ಸಹ ಮತ್ತು ಉದ್ಯೋಗಿ ಸೇರಿದರೆ ಸಹೋದ್ಯೋಗಿ. ಎರಡೂ ಗುಣಸಂಧಿ. ಶಾಲೆಯಲ್ಲಿ ಗುಣಸಂಧಿಗೆ ಉದಾಹರಣೆ ಕೊಡಿ ಎಂದಾಗ ಸೂರ್ಯೋದಯ ಬರೆದು ಮುಗಿಸುತ್ತಿದ್ದೆವು. ಸಂಧಿ ಬಿಡಿಸುವುದು ಇಷ್ಟು ಅವಾಂತರದ ಕೆಲಸ ಎಂದು ಆಗ ಯಾರೂ ಹೇಳಿರಲಿಲ್ಲ. ಯಂತ್ರ ಸಂಧಿಯನ್ನು ತಪ್ಪಾಗಿ ಬಿಡಿಸಿ, ಗ್ರೀಕರು ಬೇಕೆಂದೇ ಕಟ್ಟಿದ ಪದದ ಹತ್ತಿರ ಹೋಗಿ ನಿಂತಿತ್ತು. ಅದಕ್ಕೆಂದೇ ಮಾತಿನ ವಿಭಾಗಕ್ಕೆ ಒಂದರ ಬದಲು ಎರಡು ಕೊಟ್ಟಿದ್ದೇನೆ.

ಆವತ್ತಿನಿಂದ ಒಂದು ಚಟ ಹತ್ತಿತು. 'ಇವರು ನನ್ನ ಸಹೋದ್ಯೋಗಿ' ಎಂಬ ಒಂದೇ ವಾಕ್ಯವನ್ನು ಒಂದೊಂದು ಭಾಷೆಗೂ ಹಾಕಿ, ಬಂದದ್ದನ್ನು ಆಯಾ ಭಾಷೆಯವರಿಗೆ ತೋರಿಸಿ ಕೇಳುವುದು. ಸೇವೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ಸಿಗಲಿಲ್ಲ.

ಜರ್ಮನ್‌ನಲ್ಲಿ ನನ್ನ ಮಾನ ಹೋಯಿತು. ಹೊರಗಿನವರಿಗೆ ಟೀಮಿನ ಪರಿಚಯ ಬರೆಯುವಾಗ ಅದು ಜರ್ಮನ್ ಸಹೋದ್ಯೋಗಿಯನ್ನು 'ಮಿಟ್‌ಆರ್ಬೈಟರಿನ್' ಮಾಡಿತು. ಬಿಡಿಬಿಡಿಯಾಗಿ ನೋಡಿದರೆ ತಪ್ಪೇ ಇಲ್ಲ: ಮಿಟ್ ಅಂದರೆ ಜೊತೆ, ಆರ್ಬೈಟರ್ ಅಂದರೆ ಕೆಲಸಗಾರ. ಆದರೆ ಬಳಕೆಯಲ್ಲಿ ಅದು ಸಂಸ್ಥೆಯ ನೌಕರ. 'ನನ್ನ' ಎಂದು ಸೇರಿಸಿಬಿಟ್ಟರೆ ನನ್ನ ಕೈಕೆಳಗಿನವಳು ಎಂದು ಕೇಳಿಸುತ್ತದೆ. ಆಕೆಗೆ ನನಗಿಂತ ಒಂಬತ್ತು ವರ್ಷ ಹೆಚ್ಚು ಅನುಭವ. 'ನಾನು ನಿಮ್ಮ ಕೈಕೆಳಗೆ ಯಾವಾಗ ಬಂದೆ?' ಎಂದು ಎಲ್ಲರ ಮುಂದೆಯೇ ಬರೆದಳು. ಸಮಾನರಿಗೆ ಬೇಕಿದ್ದದ್ದು 'ಕೊಲೇಗಿನ್', ಗಂಡಸಾದರೆ 'ಕೊಲೇಗೆ'. ರಷ್ಯನ್‌ನಲ್ಲೂ ಇದೇ ಹೊಂಡ ಇದೆ. 'ಸತ್ರೂದ್ನಿಕ್' ಪದದೊಳಗೆ ಸಹ ಇದೆ, ಶ್ರಮ ಇದೆ, ಆದರೆ ಅರ್ಥ ಸಿಬ್ಬಂದಿ. ಫ್ರೆಂಚಿನ 'ಕೊಲಾಬೊರಾತೆರ್' ಇನ್ನೂ ಸೂಕ್ಷ್ಮ. ಕಂಪನಿಗಳು ನೌಕರರಿಗೆ ಗೌರವದಿಂದ ಬಳಸುವ ಪದವೇ, ಆದರೂ 1940ರಿಂದ 1944ರವರೆಗೆ ಫ್ರಾನ್ಸನ್ನು ಆಕ್ರಮಿಸಿದ್ದ ಜರ್ಮನರ ಆಡಳಿತದೊಂದಿಗೆ ಕೈಜೋಡಿಸಿದವರಿಗೂ ಅದೇ ಹೆಸರಿತ್ತು. ಜೊತೆಗೆ ದುಡಿಯುವುದು ಎಂಬ ಪದ ಯಾರ ಜೊತೆಗೆ ಎಂಬುದನ್ನೂ ನೆನಪಿಟ್ಟುಕೊಂಡಿರುತ್ತದೆ.

ಕಲೀಗ್ ಎನ್ನುವುದು ಇಂಗ್ಲಿಷಿನದೆಂದು ನಾವು ಅಂದುಕೊಳ್ಳುತ್ತೇವೆ, ಅದು ಲ್ಯಾಟಿನ್‌ನ 'ಕೊಲ್ಲೇಗ'. ಪದವಿಯಲ್ಲಿ ಜೊತೆಗಾರ ಎಂದರ್ಥ. ರೋಮಿನ ಗಣರಾಜ್ಯದಲ್ಲಿ ವರ್ಷಕ್ಕೆ ಇಬ್ಬರು ಕಾನ್ಸುಲ್‌ಗಳು, ಅಂದರೆ ಅತ್ಯುನ್ನತ ಅಧಿಕಾರಿಗಳು, ಇರುತ್ತಿದ್ದರು, ಒಬ್ಬರಿಗೊಬ್ಬರು ಕೊಲ್ಲೇಗ. ಒಬ್ಬರ ತೀರ್ಮಾನವನ್ನು ಇನ್ನೊಬ್ಬರು ತಡೆಯಬಹುದಿತ್ತು. ಮೀಟಿಂಗಿನಲ್ಲಿ ಕೂತವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ.

ಜಪಾನಿ ಭಾಷೆಯ ಹತ್ತಿರ ನಾನು ಹೆಚ್ಚು ದಿನ ನಿಂತೆ. ನಮ್ಮ ಟೀಮಿನ ಜಪಾನಿ ಹುಡುಗಿ ಇನ್ನೊಬ್ಬಳನ್ನು ಪರಿಚಯಿಸುತ್ತ ಬರೆದದ್ದು ನನಗೆ ಕನ್ನಡದಲ್ಲಿ ಹೀಗೆ ಬಂತು: 'ಇವರು ನನ್ನ ಸಿಂಕ್ರೊನೈಸೇಶನ್.' ಕೈಪಿಡಿ ಬರೆಯುವವಳಾದ್ದರಿಂದ ಯಾವುದೋ ಸಾಫ್ಟ್‌ವೇರ್ ವಿಷಯವಿರಬೇಕು ಎಂದು ಅರ್ಧ ಗಂಟೆ ಹುಡುಕಾಡಿದೆ. ಆಕೆ ಬರೆದದ್ದು 'ದೋಕಿ'. ಕಂಪ್ಯೂಟರಿನ ದತ್ತಾಂಶ ಎರಡು ಕಡೆ ತಾಳೆಯಾಗುವುದಕ್ಕೂ ಅದೇ ಪದ, ಒಂದೇ ವರ್ಷ ಕೆಲಸಕ್ಕೆ ಸೇರಿದವರಿಗೂ ಅದೇ ಪದ. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತಿದೆ: 'ನಮ್ಮ ಬ್ಯಾಚಿನವಳು.' ಕನ್ನಡ ಗೊತ್ತಿರುವ ಯಾರಿಗಾದರೂ ಅರೆಕ್ಷಣದಲ್ಲಿ ಹೊಳೆಯುತ್ತಿತ್ತು.

ದೋಕಿ ಒಂದೇ ಅಲ್ಲ. ಮುಂಚೆ ಸೇರಿದವರು 'ಸೆಂಪಾಯ್', ನಂತರ ಸೇರಿದವರು 'ಕೋಹಾಯ್'. ಸಹೋದ್ಯೋಗಿಗೆ ನಿಘಂಟು ಕೊಡುವ ಪದ 'ದೋರ್ಯೋ', ಅದರಲ್ಲಿ ಸರಿಸಮಾನರು ಎಂಬ ಛಾಯೆ ಇದೆ. ಸೇವೆ ಎಲ್ಲರಿಗೂ ದೋರ್ಯೋ ಎಂದೇ ಹಾಕುತ್ತದೆ, ಆರು ವರ್ಷ ಮುಂಚೆ ಸೇರಿದವರಿಗೂ. ಹಾಗಾದರೆ ನೀವು ಏನನ್ನುತ್ತೀರಿ ಎಂದು ಕೇಳಿದ್ದಕ್ಕೆ, ಮನೆಯಲ್ಲಿ ಮಾತಾಡುವಾಗ ಬರೀ 'ಕಾಯ್ಶಾ ನೊ ಹಿತೊ' ಅನ್ನುತ್ತೇನೆ ಎಂದಳು. ಕಂಪನಿಯ ಜನ ಎಂದರ್ಥ. ನನಗೆ ನಗು ಬಂತು. ನಾನೂ ಫೋನ್ ಬಂದಾಗ 'ಯಾರದು' ಎಂದು ಮನೆಯವರು ಕೇಳಿದರೆ 'ಸಹೋದ್ಯೋಗಿ' ಎನ್ನುವುದಿಲ್ಲ. 'ನಮ್ಮ ಆಫೀಸಿನವರು' ಎನ್ನುತ್ತೇನೆ. ನಿಘಂಟಿನ ಪದ ಎರಡೂ ಕಡೆ ನಿಘಂಟಿನಲ್ಲೇ ಕೂತಿದೆ.

ಅದೇ ದೋರ್ಯೋವಿನ ಚೀನಿ ಅಕ್ಷರಗಳನ್ನು ಕೊರಿಯನ್ನರು 'ದೊಂಗ್ನ್ಯೊ' ಎಂದು ಓದುತ್ತಾರೆ, ಆದರೆ ಎದುರಿಗೆ ಕರೆಯುವಾಗ ಹುದ್ದೆಯ ಹೆಸರಿಗೆ 'ನಿಮ್' ಸೇರಿಸುತ್ತಾರೆ, ನಾವು ಮೇಷ್ಟ್ರಿಗೆ 'ರು' ಸೇರಿಸಿ ಮೇಷ್ಟ್ರು ಎನ್ನುವ ಹಾಗೆ. ಚೀನಿಯರ ಮಾತಿನಲ್ಲಿ 'ತೊಂಗ್‌ಶಿ', ಒಂದೇ ಕಾರ್ಯದವರು. ವಿಯೆಟ್ನಾಮಿಯಲ್ಲಿ ಬರಹಕ್ಕೊಂದು ಪದವಿದ್ದರೂ ಮಾತಿನಲ್ಲಿ ಅಣ್ಣ, ಅಕ್ಕ, ತಮ್ಮ, ತಂಗಿ ಎಂದೇ ನಡೆಯುತ್ತದೆ. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ವಾಕ್ಯ ಶುರುವಾಗುವ ಮುಂಚೆ ಎದುರಿನವರು ದೊಡ್ಡವರೋ ಚಿಕ್ಕವರೋ ಗೊತ್ತಿರಬೇಕು. ಸೇವೆ ಒಮ್ಮೆಯೂ ಕೇಳಲಿಲ್ಲ.

ಕೇಳದಿರುವುದೇ ಇದರ ದೊಡ್ಡ ದೋಷ. ಹಿಂದಿ ಓದುವವನಿಗೆ 'ನಾನು ಕೆಲಸ ಮಾಡುತ್ತೇನೆ' ಎಂದು ಬರೆದರೆ 'ಕರ್ತಾ ಹೂಂ' ಎಂದು ಹೋಗುತ್ತದೆ. ಏಳು ತಿಂಗಳಿಂದ ಆತ ನನ್ನನ್ನು ಗಂಡಸು ಎಂದುಕೊಂಡಿದ್ದನಂತೆ. ಕನ್ನಡದ 'ಮಾಡುತ್ತೇನೆ'ಯಲ್ಲಿ ನಾನು ಹೆಣ್ಣೆಂದು ಎಲ್ಲಿದೆ? ಯಂತ್ರಕ್ಕೆ ಗೊತ್ತಾಗುವ ದಾರಿ ಇರಲಿಲ್ಲ, ಒಪ್ಪುತ್ತೇನೆ. ಒಂದು ಸಲ ಕೇಳಬಹುದಿತ್ತು. ಇನ್ನೊಂದು ದಿಕ್ಕಿನಲ್ಲಿ ಇನ್ನೂ ಕೆಟ್ಟದಾಯಿತು. ಹಂಗೇರಿಯನ್, ಟರ್ಕಿಶ್ ಭಾಷೆಗಳಲ್ಲಿ ಅವನು, ಅವಳು ಎಂಬ ಭೇದವೇ ಇಲ್ಲ, ಎಲ್ಲರಿಗೂ ಒಂದೇ ಸರ್ವನಾಮ. ನಮ್ಮ ಹಂಗೇರಿಯನ್ ಹಿರಿಯರು ನಿವೃತ್ತಿಗೆ ಎರಡು ವರ್ಷ ಇರುವವರು, ಹೆಂಗಸು. ಅವರ ಬಗ್ಗೆ ಬಂದ ಮೆಸೇಜ್ ಕನ್ನಡದಲ್ಲಿ 'ಅವನು ನಾಳೆ ಬರುವುದಿಲ್ಲ' ಎಂದಿತ್ತು. ಗಂಡು ಮಾಡಿದ್ದಲ್ಲದೆ ಏಕವಚನ ಬೇರೆ. ಕನ್ನಡದಲ್ಲಿ 'ಅವರು' ಎಂಬ ಪದ ಇದೆ ಮಾರಾಯರೇ, ಗಂಡೋ ಹೆಣ್ಣೋ ಎಂಬ ಗೊಂದಲವೂ ತಪ್ಪುತ್ತದೆ, ಮರ್ಯಾದೆಯೂ ಉಳಿಯುತ್ತದೆ! ಗೊತ್ತಿಲ್ಲದಿದ್ದಾಗ 'ಅವರು' ಹಾಕು ಎಂಬ ಒಂದು ಸೆಟ್ಟಿಂಗ್ ಇದ್ದಿದ್ದರೆ ನಾನು ಇನ್ನರ್ಧ ಅಂಕ ಕೊಡುತ್ತಿದ್ದೆ.

ಈ ಚಟದಿಂದ ಸಿಕ್ಕ ಸುಖವೂ ಇದೆ, ಅದು ಸೇವೆಯದಲ್ಲ, ಸೇವೆ ಎಡವಿದಾಗ ತಿದ್ದಿದ ಜನರದ್ದು. ಟರ್ಕಿಶ್‌ನಲ್ಲಿ 'ಇಶ್ ಅರ್ಕದಾಶಿ', ಕೆಲಸದ ಗೆಳೆಯ. ಅರ್ಕದಾಶ್ ಬಿಡಿಸಿದರೆ 'ಅರ್ಕ' ಅಂದರೆ ಬೆನ್ನು, 'ದಾಶ್' ಅಂದರೆ ಹಂಚಿಕೊಂಡವನು. ಬೆನ್ನಿಗೆ ಬೆನ್ನು ಕೊಟ್ಟವನು ಎಂದು ನಾನು ಓದಿಕೊಂಡೆ. ಸ್ಪ್ಯಾನಿಷ್‌ನ 'ಕೊಂಪನ್ಯೇರೊ' ಲ್ಯಾಟಿನ್ ಮೂಲದಲ್ಲಿ ಒಂದೇ ರೊಟ್ಟಿ ಹಂಚಿಕೊಂಡವನು. ಕಂಪನಿ ಎಂಬ ಪದವೂ ಅದೇ ರೊಟ್ಟಿಯದು. ಅರೇಬಿಕ್‌ನ 'ಜ಼ಮೀಲ್' ಹಳೆಯ ಅರ್ಥದಲ್ಲಿ ಒಂದೇ ಒಂಟೆಯ ಮೇಲೆ ಹಿಂದೆ ಕೂತು ಬರುವ ಸವಾರ. ಇದನ್ನು ಬರೆಯುವಾಗ ಜ ಕೆಳಗಿನ ಚುಕ್ಕೆ ಮರೆಯಬೇಡಿ. ಚುಕ್ಕೆ ಬಿಟ್ಟು ಜಮೀಲ್ ಎಂದರೆ ಸುಂದರ ಎಂದಾಗುತ್ತದೆ, ಆಫೀಸಿನಲ್ಲಿ ಬೇಡದ ಮಾತು. ಸ್ವಾಹಿಲಿಯಲ್ಲಿ 'ಮ್ವೆನ್‌ಜ಼ಂಗು' ಅಂದರೆ ನನ್ನ ಜೊತೆಯವರು. ಆ 'ನನ್ನ' ಎನ್ನುವುದು ಪದದ ಬಾಲದಲ್ಲೇ ಅಂಟಿಕೊಂಡಿದೆ, ಯಾರ ಜೊತೆ ಎಂಬುದನ್ನು ಪದವೇ ಹೇಳಿಬಿಡುತ್ತದೆ.

ಪರ್ಷಿಯನ್ ನೋಡಿದಾಗ ನಮ್ಮ ಮನೆಗೇ ಬಂದ ಹಾಗಾಯಿತು. 'ಹಮ್‌ಕಾರ್': ಹಮ್ ಮತ್ತು ಕಾರ್, ಜೊತೆ ಮತ್ತು ಕೆಲಸ. ಈ ಕಾರ್ ನಮ್ಮ ಕಾರ್ಯದ ದಾಯಾದಿ. ಹತ್ತಿರದಲ್ಲೇ 'ಸಹಕಾರಿ' ಇದ್ದಾನಲ್ಲ ಎನಿಸುತ್ತದೆ, ಆದರೆ ಕನ್ನಡದಲ್ಲಿ ಸಹಕಾರಿ ಎಂದೊಡನೆ ಸಂಘ, ಬ್ಯಾಂಕು ನೆನಪಾಗುತ್ತವೆ. ಮರಾಠಿಯಲ್ಲಿ ಸಹಕಾರಿ ಅಂದರೆ ನಿಜವಾಗಿಯೂ ಸಹೋದ್ಯೋಗಿ. ನಮ್ಮ ಮರಾಠಿ ಮಿತ್ರ 'ನನ್ನ ಸಹಕಾರಿ' ಎಂದು ಬರೆದದ್ದನ್ನು ಸೇವೆ ನನಗೆ 'ನನ್ನ ಸಹಕಾರಿ ಸಂಘ' ಎಂದು ಬಡಿಸಿತು. ಮಲಯಾಳದ 'ಸಹಪ್ರವರ್ತಕ'ನನ್ನು ಕನ್ನಡಕ್ಕೆ ತಂದರೆ ಹೊಸ ಮತ ಸ್ಥಾಪಿಸಿದವನ ಜೊತೆಗಾರ ಎನಿಸುತ್ತದೆ. ನೆರೆಮನೆಯ ಭಾಷೆಗಳಲ್ಲೇ ಹೆಚ್ಚು ಹುಷಾರಾಗಿರಬೇಕು.

ಕನ್ನಡದ ಕಡೆಗೂ ಒಂದು ದೂರಿದೆ. ಮೊದಲ ತಿಂಗಳಲ್ಲಿ ಅದು 'ಸಹ-ಕೆಲಸಗಾರ' ಎಂದು ನಡುವೆ ಅಡ್ಡಗೆರೆ ಹಾಕಿ ಬರೆಯುತ್ತಿತ್ತು. ಯಾವ ಕನ್ನಡಿಗನ ಬಾಯಲ್ಲೂ ಹುಟ್ಟದ ಪದ. 'ಒಡನಾಡಿ' ಎಂಬ ಚೆಂದದ ಪದ ಇದೆ, ಆದರೆ ಅದನ್ನು ಎಲ್ಲರಿಗೂ ಕೊಡಲು ನನಗೂ ಮನಸ್ಸು ಬರುವುದಿಲ್ಲ. ಕ್ಯಾಮೆರಾ ಆರಿಸಿ ಕೂರುವವರನ್ನು ಒಡನಾಡಿ ಎನ್ನುವುದು ಹೇಗೆ?

ಕೊನೆಗೆ ಉಪಯೋಗಕ್ಕೆ ಬಂದದ್ದು ಸೆಟ್ಟಿಂಗ್ಸ್‌ನ ತಳದಲ್ಲಿ ಅಡಗಿದ್ದ ಪದಪಟ್ಟಿ. ಅಲ್ಲಿ ಒಂದು ಪದಕ್ಕೆ ಒಂದು ಅನುವಾದವನ್ನು ಕಟ್ಟಿಹಾಕಬಹುದು. ಜರ್ಮನ್‌ಗೆ ಕೊಲೇಗೆ ಮತ್ತು ಕೊಲೇಗಿನ್, ದೋಕಿಗೆ ಬ್ಯಾಚಿನವರು, ಮರಾಠಿ ಸಹಕಾರಿಗೆ ಸಹೋದ್ಯೋಗಿ ಎಂದು ತುಂಬಿಸಿದ್ದೇನೆ. ದೋಷವೆಂದರೆ ಒಂದು ಪದಕ್ಕೆ ಒಂದೇ ಉತ್ತರ. ಇವರಿಗಾದರೆ ಸೆಂಪಾಯ್, ಅವರಿಗಾದರೆ ಕೋಹಾಯ್ ಎಂದು ಹೇಳಲು ಜಾಗವಿಲ್ಲ. ಜಪಾನಿಗೆ ಹೋಗುವ ವಾಕ್ಯಗಳಲ್ಲಿ ನಾನು ಈಗ ಪದವನ್ನೇ ಬಿಟ್ಟು ಹೆಸರು ಬರೆಯುತ್ತೇನೆ. ಜಪಾನಿ ಹುಡುಗಿಯೂ ಹಾಗೇ ಮಾಡುತ್ತಾಳಂತೆ.

ಕೈಪಿಡಿ, ಸೂಚನೆ, ಲೆಕ್ಕ ಕಳಿಸುವವರು ಧಾರಾಳವಾಗಿ ತೆಗೆದುಕೊಳ್ಳಿ. ಪರಿಚಯ ಪತ್ರ, ಬೀಳ್ಕೊಡುಗೆ, ಕ್ಷಮೆ ಕೇಳುವ ಮೆಸೇಜುಗಳನ್ನು ಕಳಿಸುವ ಮುಂಚೆ ಆ ಭಾಷೆಯವರೊಬ್ಬರಿಗೆ ತೋರಿಸಿ. ಮೈಕ್ ಮಾತ್ರ ಮುಟ್ಟಬೇಡಿ. ಗ್ರೀಕಿನವನು ಈಗಲೂ ಸೋಮವಾರ ಬೆಳಿಗ್ಗೆ 'ಯೋಗಿ ಹೇಗಿದ್ದಾರೆ' ಎಂದೇ ಶುರು ಮಾಡುವುದು.

ಮುಂದಿನ ವಾರ ಆರ್ಮೇನಿಯನ್ ಮಾತಾಡುವವರೊಬ್ಬರು ಟೀಮಿಗೆ ಸೇರುತ್ತಾರೆ. ಪದಪಟ್ಟಿಯಲ್ಲಿ ಅವರ ಸಾಲು ಖಾಲಿ ಬಿಟ್ಟಿದ್ದೇನೆ, ಬಂದ ಮೇಲೆ ಅವರೇ ತುಂಬಲಿ.