‘ಮಲ್ಟಿ-ಯೂಸರ್ ಪ್ಯಾಕ್’ ಅಂತ ಕೇಳಿದರೆ ದುಡ್ಡು ಕೊಡಬೇಡಿ, ಮೊದಲು ರೂಟರ್ ತೆರೆದು ನೋಡಿ

ಒಂದು ಕನೆಕ್ಷನ್‌ಗೆ ಐದೇ ಡಿವೈಸು, ಆರನೆಯದಕ್ಕೆ ‘ಮಲ್ಟಿ-ಯೂಸರ್ ಪ್ಯಾಕ್’ ಹಾಕಿಸಲೇಬೇಕು ಅಂತ ನಿಮ್ಮ ಏರಿಯಾದ ಫೈಬರ್ ಇಂಟರ್ನೆಟ್‌ನವನು ಹೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ₹1,800 ಕೊಟ್ಟೆ. ಡಿಎಚ್‌ಸಿಪಿ (ಪ್ರತಿ ಡಿವೈಸಿಗೂ ರೂಟರ್ ತಾನಾಗೇ ಅಡ್ರೆಸ್ ಹಂಚುವ ವ್ಯವಸ್ಥೆ) ಅಂದರೆ ಏನು, ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಆ ಡಿವೈಸಿನ ನಂಬರು) ಎಲ್ಲಿಂದ ಬರುತ್ತೆ ಅಂತ ಚೆನ್ನಾಗಿ ಗೊತ್ತಿದ್ದೂ ಕೊಟ್ಟೆ. ದುಡ್ಡು ಹೋಗಿದ್ದಕ್ಕಿಂತ ಅದೇ ಹೆಚ್ಚು ಉರಿಯುತ್ತಿರುವುದು.

ನಮ್ಮದು ಮೈಸೂರಿನಲ್ಲಿ, ಕೇಬಲ್ ಟಿವಿಯವರೇ ಈಗ ಫೈಬರ್ ಕೊಡುವ ಬಡಾವಣೆಗಳಲ್ಲಿ ಒಂದು. 100 ಎಂಬಿಪಿಎಸ್ ಪ್ಲಾನು, ತಿಂಗಳಿಗೆ ₹699, ಅದರ ಮೇಲೆ 18% ಜಿಎಸ್‌ಟಿ ಸೇರಿ ₹825. ಇನ್‌ಸ್ಟಾಲೇಷನ್ ₹1,000. ‘ಡ್ಯುಯಲ್ ಬ್ಯಾಂಡ್’ (2.4, 5 ಗಿಗಾಹರ್ಟ್ಸ್ ಎರಡರಲ್ಲೂ ವೈಫೈ ಕೊಡುವ) ರೂಟರ್‌ಗೆ ₹1,500. ಅದು ಡ್ಯುಯಲ್ ಬ್ಯಾಂಡ್ ಅಲ್ಲವೇ ಅಲ್ಲ, ಆ ಕಥೆ ಆಮೇಲೆ. ಮನೆಯಲ್ಲಿ ನಾಲ್ಕು ಲ್ಯಾಪ್‌ಟಾಪ್, ಮೂರು ಫೋನ್, ಒಂದು ಟಿವಿ. ಒಟ್ಟು ಎಂಟು. ಇವತ್ತಿನ ಕಾಲಕ್ಕೆ ಇದೇನು ದೊಡ್ಡ ಸಂಖ್ಯೆಯಲ್ಲ.

ಮೊದಲ ವಾರದಿಂದಲೇ ವಿಚಿತ್ರ ಕಾಟ. ಬೆಳಿಗ್ಗೆ ಕರೆಂಟ್ ಹೋಗಿ ಬಂತು ಅಂದುಕೊಳ್ಳಿ, ರೂಟರ್ ಮತ್ತೆ ಆನ್ ಆಗುತ್ತೆ, ಮೂರು ಫೋನೂ ತಾವಾಗೇ ಅಂಟಿಕೊಳ್ಳುತ್ತವೆ, ಟಿವಿ ಅಂಟಿಕೊಳ್ಳುತ್ತೆ, ಮೊದಲು ತೆರೆದ ಲ್ಯಾಪ್‌ಟಾಪ್‌ಗೆ ನೆಟ್ ಬರುತ್ತೆ. ಉಳಿದ ಮೂರು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಕಡ್ಡಿ ಪೂರ್ತಿ, ಕೆಳಗೆ ಮಾತ್ರ ‘ನೋ ಇಂಟರ್ನೆಟ್’. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್‌ಫಿಗ್ ಹೊಡೆದರೆ 192.168 ಅಂತ ಬರಬೇಕಾದ ಕಡೆ 169.254 ಅಂತ ಶುರುವಾಗುವ ಅಡ್ರೆಸ್ಸು. ಗೊತ್ತಿರುವವರಿಗೆ ಇಷ್ಟೇ ಸಾಕು: ರೂಟರು ಅಡ್ರೆಸ್ ಕೊಡಲಿಲ್ಲ, ಲ್ಯಾಪ್‌ಟಾಪ್ ತಾನೇ ಒಂದನ್ನು ಹಾಕಿಕೊಂಡಿದೆ ಅಂತ ಅರ್ಥ. ನಾನು ಅದನ್ನು ನೋಡಿಯೂ ವೈಫೈ ಡ್ರೈವರ್ ತೆಗೆದು ಹಾಕಿ, ತೆಗೆದು ಹಾಕಿ ಕೂತೆ. ಮೂರು ಲ್ಯಾಪ್‌ಟಾಪ್‌ಗೆ ಒಂದೇ ದಿನ ಡ್ರೈವರ್ ಕೆಡುತ್ತಾ?

ಏರಿಯಾದಲ್ಲಿ ಕಂಪನಿಯ ಕನೆಕ್ಷನ್ ಕೊಡುವ ಆಪರೇಟರ್‌ಗೆ ಫೋನ್ ಮಾಡಿದಾಗ ಬಂದ ಉತ್ತರಗಳು ಇವು. ಆಮೇಲೆ ವಾಟ್ಸಾಪಲ್ಲಿ ಕೂಡ ಇವನ್ನೇ ತಿರುಗಿಸಿ ಮುರುಗಿಸಿ ಹೇಳಿದರು:

“ಸಾರ್, ಒಂದ್ ಐಡಿಗೆ ಐದೇ ಡಿವೈಸು. ಸರ್ವರಿಂದಾನೇ ಲಾಕು.”

“ಯಾವುದಾದ್ರೂ ಒಂದ್ ಆಫ್ ಮಾಡಿ ಸಾರ್, ಇನ್ನೊಂದಕ್ಕೆ ಬರುತ್ತೆ.”

“ಕಂಪನಿ ರೂಲ್ಸು ಸಾರ್, ನಮ್ ಕೈಲಿ ಏನಿಲ್ಲ. ಎಲ್ಲಾ ಕಡೆ ಹಿಂಗೇ.”

ಒಂದು ಆಫ್ ಮಾಡಿದರೆ ಇನ್ನೊಂದಕ್ಕೆ ಬರುತ್ತಾ? ಬರಲಿಲ್ಲ. ಫೋನಿನ ವೈಫೈ ಆರಿಸಿ ಅರ್ಧ ಗಂಟೆ ಕಾದರೂ ಲ್ಯಾಪ್‌ಟಾಪ್‌ಗೆ ಬರಲಿಲ್ಲ. ಯಾಕೆ ಅಂತ ಈಗ ಗೊತ್ತು. ರೂಟರ್ ಒಮ್ಮೆ ಕೊಟ್ಟ ಅಡ್ರೆಸ್ಸನ್ನು ಲೀಸ್ (ಅದಕ್ಕೆ ಗೊತ್ತುಮಾಡಿದ ಅವಧಿ) ಮುಗಿಯುವ ತನಕ ಅದೇ ಡಿವೈಸಿನ ಹೆಸರಲ್ಲಿ ಇಟ್ಟಿರುತ್ತೆ. ನಮ್ಮದರಲ್ಲಿ ಲೀಸ್ 86,400 ಸೆಕೆಂಡ್, ಅಂದರೆ ಪೂರ್ತಿ ಒಂದು ದಿನ. ಫೋನ್ ಆಫ್ ಆದರೂ ಅದರ ಸೀಟಿನ ಮೇಲೆ ಟವೆಲ್ ಹಾಕಿಟ್ಟ ಹಾಗೆ.

ಸರಿ, ಎಂಟು ಡಿವೈಸ್ ಆಗಬೇಕು ಅಂದೆ. ಹೆಚ್ಚಿನ ಮೂರಕ್ಕೆ ತಲಾ ₹100, ತಿಂಗಳಿಗೆ ₹300, ಆರು ತಿಂಗಳದ್ದು ಒಟ್ಟಿಗೆ ಕಟ್ಟಬೇಕಂತೆ. ₹1,800. ಯುಪಿಐನಲ್ಲಿ ಕಳಿಸಿದೆ. ಕಂಪನಿ ಖಾತೆಗಲ್ಲ, ಆಪರೇಟರ್‌ನ ಸ್ವಂತ ನಂಬರಿಗೆ. ಅಲ್ಲೇ ಒಂದು ಕ್ಷಣ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

ಮಾರನೇ ದಿನ ಹುಡುಗ ಬಂದ. ಚಪ್ಪಲಿ ಸ್ಟ್ಯಾಂಡ್ ಮೇಲೆ ಇರುವ ರೂಟರ್ ಪಕ್ಕ ನಿಂತು, ತನ್ನ ಫೋನಲ್ಲೇ ಏನೋ ಒತ್ತಿದ. “ಸರ್ವರಲ್ಲಿ ಅಪ್‌ಡೇಟ್ ಮಾಡ್ತಿದೀನಿ ಸಾರ್, ಎರಡ್ ನಿಮಿಷ.” ಎರಡು ನಿಮಿಷವೂ ಆಗಲಿಲ್ಲ. ರೂಟರ್ ಒಮ್ಮೆ ಆರಿ ಹತ್ತಿಕೊಂಡಿತು, ಎಂಟಕ್ಕೂ ನೆಟ್ ಬಂತು. ಕಾಫಿ ಕುಡಿದು ಹೋದ. ಕಾಫಿ ಬೇರೆ ಕೊಟ್ಟೆ!

ತಿಂಗಳಾದ ಮೇಲೆ ಮನೆಗೆ ನೆಂಟರು ಬಂದರು, ಒಂಬತ್ತನೇ ಡಿವೈಸು ಅವರ ಲ್ಯಾಪ್‌ಟಾಪು. ಮತ್ತೆ ಅದೇ 169.254. ಆವಾಗ ತಲೆಗೆ ಹೊಡೆಯಿತು. ಬ್ರೌಸರ್‌ನಲ್ಲಿ 192.168.1.1 ತೆರೆದೆ. ರೂಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿದ್ದ ಯೂಸರ್‌ನೇಮ್, ಪಾಸ್‌ವರ್ಡೇ ನಡೆಯಿತು, ಅದನ್ನು ಬದಲಿಸುವ ಕಷ್ಟವನ್ನೂ ಅವರು ತೆಗೆದುಕೊಂಡಿಲ್ಲ. ಲ್ಯಾನ್ (ಮನೆಯೊಳಗಿನ ನೆಟ್‌ವರ್ಕಿನ) ಪುಟ, ಅದರೊಳಗೆ ಡಿಎಚ್‌ಸಿಪಿ. ಸ್ಟಾರ್ಟ್ ಐಪಿ 192.168.1.2. ಎಂಡ್ ಐಪಿ 192.168.1.9.

ಎಣಿಸಿ. 2ರಿಂದ 9ರವರೆಗೆ ಎಂಟು. ಮೊದಲು ಐದಿದ್ದಾಗ ಅಲ್ಲಿ 6 ಇತ್ತು ಅಂತಾಯಿತು. ಹುಡುಗ ಮಾಡಿದ್ದು 6 ಅಳಿಸಿ 9 ಬರೆದದ್ದು. ಒಂದು ಅಂಕಿ. ಸರ್ವರೂ ಇಲ್ಲ, ಕಂಪನಿ ರೂಲ್ಸೂ ಇಲ್ಲ, ನನ್ನ ದುಡ್ಡಿನಲ್ಲಿ ಕೊಂಡ ರೂಟರಿನೊಳಗೆ ಒಂದೇ ಒಂದು ಅಂಕಿ. ನಾನು ಅಲ್ಲಿ 254 ಬರೆದು ಸೇವ್ ಕೊಟ್ಟೆ. ಹತ್ತು ಸೆಕೆಂಡಿನಲ್ಲಿ ನೆಂಟರ ಲ್ಯಾಪ್‌ಟಾಪ್‌ಗೆ 192.168.1.10 ಬಂತು. ನೆಂಟರ ಮುಂದೆ ಮುಖ ಎಲ್ಲಿಟ್ಟುಕೊಳ್ಳಲಿ ಅಂತ ಗೊತ್ತಾಗಲಿಲ್ಲ.

ಸ್ಕ್ರೀನ್‌ಶಾಟ್ ಕಳಿಸಿ ಕೇಳಿದ್ದಕ್ಕೆ ಬಂದ ಉತ್ತರಗಳನ್ನೂ ನೋಡಿ:

“ಅದು ಬೇರೆ ಸೆಟ್ಟಿಂಗ್ ಸಾರ್.”

“ನೀವ್ ಅದನ್ನೆಲ್ಲ ಮುಟ್ಬಾರ್ದು, ಲೈನ್ ಬ್ಲಾಕ್ ಆಗೋಗುತ್ತೆ.”

“ದುಡ್ಡು ಆಫೀಸಿಗೆ ಹೋಗಿದೆ ಸಾರ್, ರಿಟರ್ನ್ ಬರಲ್ಲ.”

ಲೈನ್ ಏನೂ ಬ್ಲಾಕ್ ಆಗಿಲ್ಲ. ಆಗುವುದೂ ಇಲ್ಲ. ಅವರ ಕಡೆಗೆ ಲಾಗಿನ್ ಆಗುವುದು ರೂಟರ್ ಒಂದೇ, ಪಿಪಿಪಿಒಇ ಅನ್ನುವ ಲಾಗಿನ್ ವಿಧಾನದಲ್ಲಿ ಒಂದು ಯೂಸರ್‌ನೇಮ್-ಪಾಸ್‌ವರ್ಡ್ ಇಟ್ಟುಕೊಂಡು. ಅದರ ಹಿಂದೆ ಇರುವ ಲ್ಯಾಪ್‌ಟಾಪ್‌ಗಳೆಲ್ಲ ಆ ಒಂದೇ ಲಾಗಿನ್ ಹಂಚಿಕೊಳ್ಳುತ್ತವೆ, ರೂಟರಿನೊಳಗೆ ನ್ಯಾಟ್ ಅನ್ನುವ ವ್ಯವಸ್ಥೆ ಇರುವುದೇ ಅದಕ್ಕೆ. 192.168ರಿಂದ ಶುರುವಾಗುವ ಅಡ್ರೆಸ್‌ಗಳು ಮನೆ, ಆಫೀಸುಗಳ ಒಳಬಳಕೆಗೆ ಅಂತಲೇ 1994ರಿಂದ ಮೀಸಲಿರುವಂಥವು. ಯಾರಿಗೂ ಬಾಡಿಗೆ ಕಟ್ಟಬೇಕಿಲ್ಲ.

‘ಒಂದು ಕನೆಕ್ಷನ್ ಒಂದು ಕಂಪ್ಯೂಟರ್’ ಅನ್ನುವ ಮಾತು ಜನರ ಕಿವಿಗೆ ಸರಿಯಾಗಿಯೇ ಕೇಳಿಸುವುದಕ್ಕೆ ಒಂದು ಹಳೇ ಕಾರಣವೂ ಇದೆ. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬಂದ ಹೊಸತರಲ್ಲಿ ತುಂಬಾ ಮನೆಗಳಲ್ಲಿ ಮೋಡೆಮ್ ಬ್ರಿಜ್ ಮೋಡ್‌ನಲ್ಲಿರುತ್ತಿತ್ತು (ಅಂದರೆ ತಾನು ಲಾಗಿನ್ ಆಗದೆ ಲೈನನ್ನು ಹಾಗೇ ಕಂಪ್ಯೂಟರಿಗೆ ದಾಟಿಸುತ್ತಿತ್ತು), ಕಂಪ್ಯೂಟರಿನಿಂದಲೇ ಡಯಲ್ ಮಾಡಬೇಕಿತ್ತು. ಒಂದು ಡಯಲ್ ಮಾಡಿದ್ದಾಗ ಇನ್ನೊಂದು ಆಗುತ್ತಿರಲಿಲ್ಲ, ಸರಿ. ಈಗ ಡಯಲ್ ಮಾಡುವುದು ರೂಟರು. ಆ ಹಳೇ ಭಯವನ್ನೇ ಇವರು ಮಾರುತ್ತಿರುವುದು.

ನಿಜವಾದ ಲಾಕ್ ಒಂದಿದೆ, ಅದನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಮ್ಯಾಕ್ ಬೈಂಡಿಂಗ್. ಕೆಲವು ಆಪರೇಟರ್‌ಗಳು ಮೊದಲು ಲಾಗಿನ್ ಆದ ಡಿವೈಸಿನ ಮ್ಯಾಕ್ ಅಡ್ರೆಸ್ಸಿಗೆ (ತಯಾರಿಸುವಾಗಲೇ ಅದಕ್ಕೆ ಕೊಟ್ಟ ಗುರುತಿನ ನಂಬರಿಗೆ) ಅಕೌಂಟ್ ಕಟ್ಟಿಹಾಕುತ್ತಾರೆ. ಅದು ಲ್ಯಾಪ್‌ಟಾಪ್ ಎಷ್ಟು ಅನ್ನುವ ಲೆಕ್ಕವಲ್ಲ, ಲಾಗಿನ್ ಆಗುವ ಪೆಟ್ಟಿಗೆ ಯಾವುದು ಅನ್ನುವ ಲೆಕ್ಕ. ಹೊಸ ರೂಟರ್ ತಂದಾಗ ಮಾತ್ರ ತೊಂದರೆ ಕೊಡುತ್ತೆ. ಫೋನ್ ಮಾಡಿ ‘ಮ್ಯಾಕ್ ರಿಸೆಟ್ ಮಾಡಿ’ ಅಂದರೆ ಮಾಡುತ್ತಾರೆ. ಇಲ್ಲದಿದ್ದರೆ ಹೊಸ ರೂಟರಿನ ವ್ಯಾನ್ (ಹೊರಗಿನ ಲೈನಿನ) ಪುಟದಲ್ಲಿ ಮ್ಯಾಕ್ ಕ್ಲೋನ್ ಅಂತ ಇರುತ್ತೆ, ಹಳೇ ರೂಟರಿನ ಮ್ಯಾಕ್ ಅಲ್ಲಿ ಹಾಕಿದರೆ ಮುಗಿಯಿತು. ಇದಕ್ಕೂ ದುಡ್ಡು ಕೇಳಿದರೆ ಕೊಡಬೇಡಿ.

ಇಷ್ಟಕ್ಕೇ ಮುಗಿಯಲಿಲ್ಲ. ನಾಲ್ಕು ಲ್ಯಾಪ್‌ಟಾಪಲ್ಲೂ ವಿಡಿಯೋ ಮೀಟಿಂಗ್ ಇಟ್ಟರೆ ಒದ್ದಾಡುತ್ತೆ ಅಂತ ಹೇಳಿದ್ದಕ್ಕೆ “100 ಸಾಲಲ್ಲ ಸಾರ್, 200ಕ್ಕೆ ಹೋಗಿ” ಅಂದರು. ಹೋದೆ. ₹999, ಜಿಎಸ್‌ಟಿ ಸೇರಿ ₹1,179. ಎರಡು ತಿಂಗಳು ಕಟ್ಟಿದೆ, ಅಂದರೆ ಹೆಚ್ಚಿಗೆ ₹708. ಸ್ಪೀಡ್ ಟೆಸ್ಟ್‌ನಲ್ಲಿ ಹಾಲ್‌ನಲ್ಲೇ ಕೂತರೂ 40, ಒಳಗಿನ ರೂಮಿನಲ್ಲಿ 18. ಕೇಳಿದರೆ “ವೈಫೈಯಲ್ಲಿ ಹಂಗೇ ಸಾರ್, ಕೇಬಲ್ ಹಾಕಿ ನೋಡಿ.” ಕೇಬಲ್ ಹಾಕಿ ನೋಡಿದೆ. 94. ಎಷ್ಟು ಸಲ ನೋಡಿದರೂ 94, 94.5. ಈ ಸಂಖ್ಯೆ ಕಂಡರೆ ಕೂಡಲೇ ಅನುಮಾನ ಪಡಿ. 100 ಎಂಬಿಪಿಎಸ್ ಪೋರ್ಟಿನಲ್ಲಿ ಕೈಗೆ ಸಿಗುವುದು ಹೆಚ್ಚೂಕಡಿಮೆ ಅಷ್ಟೇ. ಅವರು ಕೊಟ್ಟ ಪೆಟ್ಟಿಗೆಯ ಲ್ಯಾನ್ ಪೋರ್ಟು 10/100, ಅಂದರೆ ಹೆಚ್ಚೆಂದರೆ 100 ಎಂಬಿಪಿಎಸ್, ಗಿಗಾಬಿಟ್ (1,000 ಎಂಬಿಪಿಎಸ್) ಅಲ್ಲ. 200 ಅಲ್ಲ, 500ರ ಪ್ಲಾನ್ ಹಾಕಿಸಿದರೂ ಆ ತೂತಿನಿಂದ 95ರ ಮೇಲೆ ಹೊರಗೆ ಬರುವುದಿಲ್ಲ. ಪ್ಲಾನ್ ಮಾರುವವನಿಗೆ ತಾನು ಕೊಟ್ಟ ಪೆಟ್ಟಿಗೆ ಯಾವುದು ಅಂತ ಗೊತ್ತಿರುವುದಿಲ್ಲವೇ?

ಪೋರ್ಟು ಗಿಗಾಬಿಟ್ ಆಗಿದ್ದೂ 94 ಬಂದರೆ ಕೇಬಲ್ ತುದಿಯ ಪಾರದರ್ಶಕ ಜಾಕನ್ನು ಬೆಳಕಿಗೆ ಹಿಡಿದು ನೋಡಿ. ಎಂಟು ಬಣ್ಣದ ತಂತಿ ಕಾಣಬೇಕು. ಬೇಗ ಮುಗಿಸುವ ಆತುರಕ್ಕೆ ನಾಲ್ಕೇ ತಂತಿ ಕ್ರಿಂಪ್ ಮಾಡಿ (ಜಾಕಿನೊಳಗೆ ಒತ್ತಿ ಕೂರಿಸಿ) ಹೋಗುವವರಿದ್ದಾರೆ. 1, 2, 3, 6ನೇ ಪಿನ್ ಮಾತ್ರ. 100ಕ್ಕೆ ಅದು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕ್ಯಾಟ್-5ಇ ಕೇಬಲ್ಲೇ ಸಾಕು, ಆದರೆ ತಾಮ್ರದ್ದಿರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಎರಡು ಸಲ ಬಗ್ಗಿಸಿದರೆ ಮುರಿಯುತ್ತೆ.

ಇನ್ನು ‘ಡ್ಯುಯಲ್ ಬ್ಯಾಂಡ್’ ರೂಟರು. ಲ್ಯಾಪ್‌ಟಾಪಿನ ವೈಫೈ ಪ್ರಾಪರ್ಟೀಸ್ ತೆರೆದರೆ ನೆಟ್‌ವರ್ಕ್ ಬ್ಯಾಂಡ್ ಅಂತ ಒಂದು ಸಾಲು ಬರುತ್ತೆ. ನಾಲ್ಕು ಲ್ಯಾಪ್‌ಟಾಪಲ್ಲೂ ರೂಟರ್ ಪಕ್ಕವೇ ಇಟ್ಟರೂ 2.4 ಗಿಗಾಹರ್ಟ್ಸ್. ರೂಟರಿನ ಪುಟದಲ್ಲಿ 5 ಗಿಗಾಹರ್ಟ್ಸ್ ಅನ್ನುವ ಸೆಟ್ಟಿಂಗೇ ಇಲ್ಲ. ಪೆಟ್ಟಿಗೆ ಮೇಲೆ 300 ಎಂಬಿಪಿಎಸ್ ಅಂತ ದಪ್ಪಕ್ಷರದಲ್ಲಿತ್ತು, ನಾನು ಅದನ್ನು ಓದಿ ಖುಷಿಪಟ್ಟಿದ್ದೆ. ಎರಡು ಆಂಟೆನಾ ಇರುವುದರಿಂದ ಡ್ಯುಯಲ್ ಬ್ಯಾಂಡ್ ಅಂತೆ! ಹುಡುಗ ಹಾಗೇ ಹೇಳಿದ್ದು, ನಗಬೇಡಿ. ಅಕ್ಕಪಕ್ಕದ ಮನೆಗಳೆಲ್ಲ 2.4ರಲ್ಲೇ ಇರುವ ಬೀದಿಯಲ್ಲಿ ಚಾನೆಲ್ ‘ಆಟೋ’ ಬಿಟ್ಟರೆ ಕೆಲವೊಮ್ಮೆ ಇನ್ನೂ ಕೆಡುತ್ತೆ, 1, 6, 11ರಲ್ಲಿ ಖಾಲಿ ಇರುವುದನ್ನು ಹಾಕಿ. ನಮಗೆ 11 ಹಾಕಿದ ಮೇಲೆ ಒಳರೂಮಿನ 18 ಹೋಗಿ 30 ಆಯಿತು. 5 ಗಿಗಾಹರ್ಟ್ಸ್ ಇದ್ದರೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ, ಇಟ್ಟಿಗೆ ಗೋಡೆ ಎರಡು ದಾಟುವಷ್ಟರಲ್ಲಿ ಅದೂ ಸೊರಗುತ್ತೆ.

ಮಹಡಿ ಮೇಲಿನ ಲ್ಯಾಪ್‌ಟಾಪ್‌ಗೆ ಅಂತ ಮನೆಯಲ್ಲಿದ್ದ ಹಳೇ ರೂಟರ್ ಹಾಕಿಸಿದೆವು, ಅದಕ್ಕೆ ₹500. ಅದನ್ನೂ ಕೆಡಿಸಿದರು. ಎರಡರ ಅಡ್ರೆಸ್ಸೂ 192.168.1.1, ಎರಡರಲ್ಲೂ ಡಿಎಚ್‌ಸಿಪಿ ಆನ್. ಯಾವ ಲ್ಯಾಪ್‌ಟಾಪ್‌ಗೆ ಯಾವ ರೂಟರ್ ಮೊದಲು ಉತ್ತರ ಕೊಟ್ಟಿತೋ ಅದರ ಅದೃಷ್ಟ. ಒಂದಕ್ಕೆ ನೆಟ್, ಇನ್ನೊಂದಕ್ಕೆ ಇಲ್ಲ, ಹತ್ತು ನಿಮಿಷ ಬಿಟ್ಟರೆ ಉಲ್ಟಾ. “ಲೈನ್ ವೀಕ್ ಸಾರ್, ಫೈಬರ್ ವೈರ್ ಹೊಸದು ಎಳೀಬೇಕು” ಅಂದರು. ರೂಟರ್ ಪುಟದಲ್ಲಿ ಆಪ್ಟಿಕಲ್ ಆರ್‌ಎಕ್ಸ್ ಪವರ್ (ಫೈಬರಿನಲ್ಲಿ ಬಂದು ತಲುಪುವ ಬೆಳಕಿನ ಬಲ) −19 ಡಿಬಿಎಂ ತೋರಿಸುತ್ತಿತ್ತು. −27ರ ಹತ್ತಿರ ಹೋದರೆ ವೀಕ್ ಅನ್ನಲಿ, −19 ಚೆನ್ನಾಗಿರುವ ಲೈನು.

ಸರಿಯಾದ ಕ್ರಮ ಇಷ್ಟೇ. ಹಳೇ ರೂಟರನ್ನು ಮೊದಲು ಒಂಟಿಯಾಗಿ ಲ್ಯಾಪ್‌ಟಾಪ್‌ಗೆ ಕೇಬಲ್‌ನಲ್ಲಿ ಕಟ್ಟಿ ಅದರ ಲ್ಯಾನ್ ಐಪಿಯನ್ನು 192.168.1.254 ಮಾಡಿ, ಆಮೇಲೆ ಅದರ ಡಿಎಚ್‌ಸಿಪಿ ಆರಿಸಿ, ಮುಖ್ಯ ರೂಟರಿನ ಡಿಎಚ್‌ಸಿಪಿ ಎಂಡ್ ಐಪಿಯನ್ನು 253ಕ್ಕೆ ಇಳಿಸಿ. ಕೆಳಗಿನಿಂದ ಬರುವ ಕೇಬಲನ್ನು ಹಳೆಯದರ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಚುಚ್ಚಿ. ನಾನೇ ಮಾಡಿದೆ, ಕಾಲು ಗಂಟೆ ಹಿಡಿಯಿತು. ಕೇಬಲ್ 15 ಮೀಟರ್.

ಹೊಸ ಕನೆಕ್ಷನ್ ಹಾಕಿಸುವವರು ದುಡ್ಡು ಕೊಡುವ ಮೊದಲೇ ಕೇಳಿ: ಲ್ಯಾನ್ ಪೋರ್ಟ್ ಗಿಗಾಬಿಟ್ಟಾ, 5 ಗಿಗಾಹರ್ಟ್ಸ್ ಇದೆಯಾ, ರೂಟರ್ ಪಾಸ್‌ವರ್ಡ್ ನನಗೆ ಕೊಡ್ತೀರಾ. ಮೂರನೆಯದಕ್ಕೆ ತಡವರಿಸಿದರೆ ಬೇರೆಯವರನ್ನು ನೋಡಿ. ಹುಡುಗ ಹೋದ ತಕ್ಷಣ ಆ ಪಾಸ್‌ವರ್ಡ್ ಬದಲಿಸಿ. ಕಟ್ಟಿದ ಪ್ರತಿ ರೂಪಾಯಿಗೂ ಕಂಪನಿಯ ಬಿಲ್ ತಗೊಳ್ಳಿ. ನನ್ನ ಬಿಲ್ಲುಗಳಲ್ಲಿ ಪ್ಲಾನ್ ಮತ್ತು ಜಿಎಸ್‌ಟಿ ಮಾತ್ರ ಇದೆ, ‘ಮಲ್ಟಿ-ಯೂಸರ್’ ಅನ್ನುವ ಪದವೇ ಎಲ್ಲೂ ಇಲ್ಲ. ಕಂಪನಿಯ ಕಸ್ಟಮರ್ ಕೇರ್‌ಗೆ ದೂರು ಕೊಟ್ಟರೆ “ಅಂಥ ಪ್ಯಾಕ್ ನಮ್ಮಲ್ಲಿಲ್ಲ, ನಿಮ್ಮ ಆಪರೇಟರನ್ನೇ ಕೇಳಿ” ಅಂದರು. ಆಪರೇಟರ್ ಆಫೀಸ್ ಕಡೆ ಕೈ ತೋರಿಸುತ್ತಾನೆ, ಆಫೀಸ್ ಆಪರೇಟರ್ ಕಡೆ. ದೂರಿನ ನಂಬರ್ ಮಾತ್ರ ಬಿಡದೆ ಬರೆಸಿಕೊಂಡೆ. ಅದಿಲ್ಲದೆ ಮೇಲಿನ ಅಪೀಲಿಗೆ ಹೋಗಲು ಆಗುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೂ ಯುಪಿಐ ರಸೀದಿ, ವಾಟ್ಸಾಪ್ ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಟ್ಟಿದ್ದೇನೆ.

ಮೊನ್ನೆ ಆಪರೇಟರ್ ಕಡೆಯಿಂದ ಮತ್ತೆ ಮೆಸೇಜ್ ಬಂತು. ರೀಫಂಡ್ ಇರಬೇಕು ಅಂತ ತೆರೆದೆ. “ಸಾರ್, ನಿಮ್ ಮಲ್ಟಿ-ಯೂಸರ್ 10ನೇ ತಾರೀಕಿಗೆ ಮುಗಿಯುತ್ತೆ, ರಿನೀವಲ್ 1800 ಹಾಕಿ. ಇಲ್ಲಾಂದ್ರೆ ಐದಕ್ಕೇ ವಾಪಸ್ ಹೋಗುತ್ತೆ.”