ಮ್ಯಾಡ್ ಮೆನ್: ತೋಟದ ರೈಟರ್ರ ಜೊತೆ ಕುಳಿತು ನೋಡಿದ ಕಚೇರಿ

ಕಕ್ಕಡ ತಿಂಗಳ ಮಳೆ ಹಿಡಿದು ತೋಟದ ಕೆಲಸ ಅರ್ಧಕ್ಕೆ ನಿಂತಿದ್ದ ದಿನಗಳಲ್ಲಿ, ಬೆಂಗಳೂರಿನ ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ರಜೆಗೆ ಬಂದವಳು ‘ಮ್ಯಾಡ್ ಮೆನ್’ ಧಾರಾವಾಹಿಯ ಡಿವಿಡಿಗಳ ಪೆಟ್ಟಿಗೆಯೊಂದನ್ನು ಕೊಡಗಿನ ಸಿದ್ದಾಪುರದ ಸಮೀಪದ ನಮ್ಮ ಮನೆಯಲ್ಲಿ ಬಿಟ್ಟು ಹೋದಳು. ಏಳು ಸೀಸನ್, 92 ಕಂತು. ಕರೆಂಟು ಮತ್ತು ಇನ್ವರ್ಟರ್ ಎರಡರ ದಯೆಯಿಂದ ಅದನ್ನು ನೋಡಿ ಮುಗಿಸಲು ನಮಗೆ ಎರಡು ಮಳೆಗಾಲ ಬೇಕಾಯಿತು. ನೋಡಿದವರು ನಾನು, ಸ್ವಲ್ಪ ದಿನದ ಮಟ್ಟಿಗೆ ನನ್ನ ಹೆಂಡತಿ, ರಜೆ ಸಿಕ್ಕಾಗಲೆಲ್ಲ ತಂಗಿಯ ಮಗಳು, ಮತ್ತು ಎಲ್ಲರಿಗಿಂತ ಹೆಚ್ಚು ನಿಷ್ಠೆಯಿಂದ ನಮ್ಮ ನೆರೆಮನೆಯ ಹಿರಿಯರು. ಅವರು 1960ರ ದಶಕದ ಕೊನೆಯಲ್ಲಿ ದೊಡ್ಡ ಕಾಫಿ ತೋಟವೊಂದರ ಆಫೀಸಿಗೆ ಗುಮಾಸ್ತರಾಗಿ ಸೇರಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೂಲಿಯಾಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ನಮಗೆಲ್ಲ ಅವರು ‘ರೈಟರ್ರು’. ಈ ಧಾರಾವಾಹಿಯ ಬಗ್ಗೆ ನಾನು ಓದಿದ ಮೆಚ್ಚುಗೆಗಳೆಲ್ಲ ನಾಯಕ ಡಾನ್ ಡ್ರೇಪರನ ಸೂಟು, ಸಿಗರೇಟು ಮತ್ತು ಗುಟ್ಟುಗಳ ಸುತ್ತಲೇ ಸುತ್ತುತ್ತವೆ. ರೈಟರ್ರ ಪಕ್ಕದಲ್ಲಿ ಕುಳಿತು ನೋಡಿದ ಮೇಲೆ ನನಗೆ ಅನಿಸಿದ್ದು ಬೇರೆ: ಆಫೀಸಿನಲ್ಲಿ ಯಾರಿಗೆ ಯಾವ ಕೋಣೆ, ಯಾರಿಗೆ ಯಾವ ಮೇಜು, ಬೀಗದ ಕೈ ಯಾರ ಬಳಿ ಎಂಬುದೇ ಇದರ ನಿಜವಾದ ಕಥೆ.

ಮೊದಲು ಹೊರಮೈಯ ವಿವರ. ಮ್ಯಾಥ್ಯೂ ವೈನರ್ ರೂಪಿಸಿದ ಈ ಧಾರಾವಾಹಿ ಅಮೆರಿಕದ ಎಎಂಸಿ ವಾಹಿನಿಯಲ್ಲಿ 2007ರ ಜುಲೈನಿಂದ 2015ರ ಮೇ ತಿಂಗಳವರೆಗೆ ಪ್ರಸಾರವಾಯಿತು. 2008ರಿಂದ 2011ರವರೆಗೆ ಸತತವಾಗಿ ನಾಲ್ಕು ವರ್ಷ ಅತ್ಯುತ್ತಮ ನಾಟಕ ಸರಣಿಯ ಎಮ್ಮಿ ಪ್ರಶಸ್ತಿಯನ್ನೂ ಪಡೆಯಿತು. ಕಥೆ ನಡೆಯುವುದು ನ್ಯೂಯಾರ್ಕಿನ ಸ್ಟರ್ಲಿಂಗ್ ಕೂಪರ್ ಎಂಬ ಕಾಲ್ಪನಿಕ ಜಾಹೀರಾತು ಸಂಸ್ಥೆಯಲ್ಲಿ, 1960ರ ಮಾರ್ಚ್‌ನಿಂದ 1970ರ ಕೊನೆಯವರೆಗೆ. ಜಾಹೀರಾತು ಸಂಸ್ಥೆಗಳು ಸಾಲುಗಟ್ಟಿದ್ದ ಮ್ಯಾಡಿಸನ್ ಅವೆನ್ಯೂ ಎಂಬ ಬೀದಿಯಿಂದಲೇ ಹೆಸರಿನ ‘ಮ್ಯಾಡ್’ ಬಂದಿರುವುದು. ಹುಚ್ಚು ಎಂಬ ಅರ್ಥವೂ ಜೊತೆಗೇ ಅಂಟಿಕೊಂಡಿದೆ.

ಮೊದಲ ಕಂತಿನಲ್ಲೇ ರೈಟರ್ರ ಕಣ್ಣು ಹೋದದ್ದು ಟೈಪ್‌ರೈಟರಿನ ಮೇಲೆ. “ಇದಕ್ಕೆ ಅಕ್ಷರದ ಕಡ್ಡಿಗಳೇ ಇಲ್ಲವಲ್ಲ, ಇದು ಆ ಕಾಲದ್ದಲ್ಲ” ಎಂದರು. ರೆಮಿಂಗ್ಟನ್ ಯಂತ್ರದ ಮೇಲೆ, ಕಾರ್ಬನ್ ಹಾಳೆಗಳ ನಡುವೆ ಬೆರಳು ಸವೆಸಿದವರ ಮಾತು ಸುಳ್ಳಾಗಲಿಲ್ಲ. ಅಲ್ಲಿ ಮೇಜು ಮೇಜಿನ ಮೇಲೂ ಕುಳಿತಿರುವುದು ಐಬಿಎಂ ಕಂಪನಿಯ ಸೆಲೆಕ್ಟ್ರಿಕ್. ಅದು ಮಾರುಕಟ್ಟೆಗೆ ಬಂದದ್ದು 1961ರಲ್ಲಿ, ಕಥೆ ಶುರುವಾಗುವುದು ಅದಕ್ಕೂ ಒಂದು ವರ್ಷ ಮೊದಲು. ಬೂದಿಬಟ್ಟಲಿನಿಂದ ಹಿಡಿದು ಹೆಂಗಸರ ಒಳಉಡುಪಿನ ಹೊಲಿಗೆಯವರೆಗೆ ಆ ಕಾಲವನ್ನೇ ಪಾಲಿಸುವ ಧಾರಾವಾಹಿಯಲ್ಲಿ ಇದೊಂದು ಪ್ರಸಿದ್ಧವಾದ ತಪ್ಪು. ಅದನ್ನು ಪುಸ್ತಕ ನೋಡದೆ ಹಿಡಿದರು ಎಂಬ ಕಾರಣಕ್ಕೆ ಆ ದಿನದಿಂದ ನಮ್ಮ ಮನೆಯ ವಿಮರ್ಶಕರ ಪೀಠ ಅವರದೇ ಆಯಿತು.

ಪೆಗ್ಗಿ ಓಲ್ಸನ್ ಎಂಬ ಹುಡುಗಿ ಇದೇ ಮೊದಲ ಕಂತಿನಲ್ಲಿ ಡಾನ್‌ನ ಸೆಕ್ರೆಟರಿಯಾಗಿ ಕೆಲಸಕ್ಕೆ ಸೇರುತ್ತಾಳೆ. ಲಿಪ್‌ಸ್ಟಿಕ್ ಜಾಹೀರಾತಿಗೆ ಅವಳು ಬಾಯಿತಪ್ಪಿ ಎಂಬಂತೆ ಆಡಿದ ಒಂದು ಮಾತು ಹಿರಿಯನೊಬ್ಬನ ಕಿವಿಗೆ ಬೀಳುತ್ತದೆ, ಮೊದಲ ಸೀಸನ್ ಮುಗಿಯುವ ಹೊತ್ತಿಗೆ ಅವಳು ಜಾಹೀರಾತು ಬರೆಯುವವಳಾಗುತ್ತಾಳೆ. ಇಂಥ ಏಳಿಗೆಯನ್ನು ಬೇರೆ ಧಾರಾವಾಹಿಗಳು ಚಪ್ಪಾಳೆ, ಸಂಗೀತ, ಕಣ್ಣೀರು ಹಾಕಿ ತೋರಿಸುತ್ತವೆ. ಇಲ್ಲಿ ಅದನ್ನು ಕೋಣೆಗಳ ಲೆಕ್ಕದಲ್ಲಿ ತೋರಿಸಿದ್ದಾರೆ. ಎರಡನೆಯ ಸೀಸನ್ನಿನ ಆರಂಭದಲ್ಲಿ ಆಫೀಸಿಗೆ ದೈತ್ಯಾಕಾರದ ಜೆರಾಕ್ಸ್ ಯಂತ್ರ ಬರುತ್ತದೆ. ಎಲ್ಲಿಡುವುದೆಂದು ಚರ್ಚೆಯಾಗಿ, ಕೊನೆಗೆ ಅದು ಬಂದು ಕೂರುವುದು ಪೆಗ್ಗಿಯ ಕೋಣೆಯಲ್ಲಿ. ಬೇರೆ ಯಾರ ಕೋಣೆಗೂ ಅದನ್ನು ನುಗ್ಗಿಸುವ ಧೈರ್ಯ ಯಾರಿಗೂ ಇಲ್ಲ. ಅದೇ ಸೀಸನ್ ಮುಗಿಯುವ ಮೊದಲು ಅವಳು ನೇರವಾಗಿ ಮಾಲೀಕರಲ್ಲೊಬ್ಬನ ಮುಂದೆ ನಿಂತು ಖಾಲಿ ಬಿದ್ದಿರುವ ಕೋಣೆ ತನಗೆ ಬೇಕೆಂದು ಕೇಳುತ್ತಾಳೆ, ಅವನು ಕೊಟ್ಟೂ ಬಿಡುತ್ತಾನೆ. ಗಂಡಸರ್‍ಯಾರೂ ಹಾಗೆ ಬಾಯಿಬಿಟ್ಟು ಕೇಳುವ ಧೈರ್ಯ ಮಾಡಿರಲಿಲ್ಲ ಎಂಬುದು ಆ ಮಾಲೀಕನಿಗೇ ಆಶ್ಚರ್ಯ. ಈ ದೃಶ್ಯ ಮುಗಿದಾಗ ರೈಟರ್ರು, ತಮ್ಮ ತೋಟದ ಆಫೀಸಿನಲ್ಲಿ ಕಿಟಕಿಯ ಪಕ್ಕದ ಮೇಜಿಗಾಗಿ ತಾವು ಹನ್ನೊಂದು ವರ್ಷ ಕಾದ ಕಥೆ ಹೇಳಿದರು. ಕಿಟಕಿಯ ಪಕ್ಕ ಕುಳಿತವನೇ ಬಟವಾಡೆಯ ದಿನ ಹಣ ಎಣಿಸಿ ಕೊಡುವವನು, ಆದ್ದರಿಂದ ಆ ಮೇಜಿಗೆ ಒಂದು ಗತ್ತು. “ಕೇಳಿದ್ದರೆ ಆವತ್ತೇ ಕೊಡುತ್ತಿದ್ದರೋ ಏನೋ, ನಾನು ಕೇಳಲೇ ಇಲ್ಲ” ಎಂದು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, “ಅವಳೂ ರೈಟರ್ರೇ, ನಾನೂ ರೈಟರ್ರೇ” ಎಂದು ನಕ್ಕರು.

ಈ ಕಾರಣಕ್ಕೇ ನಾಲ್ಕನೆಯ ಸೀಸನ್ನಿನ ‘ದಿ ಸೂಟ್‌ಕೇಸ್’ ಎಂಬ ಕಂತು ನನಗೆ ಇಡೀ ಧಾರಾವಾಹಿಯಲ್ಲೇ ಶ್ರೇಷ್ಠವಾದುದು ಎನಿಸುತ್ತದೆ. ಪೆಗ್ಗಿಯ ಹುಟ್ಟುಹಬ್ಬದ ರಾತ್ರಿ. ಅವಳನ್ನು ಮನೆಗೆ ಬಿಡದೆ ಡಾನ್ ಸ್ಯಾಮ್ಸನೈಟ್ ಪೆಟ್ಟಿಗೆಯ ಜಾಹೀರಾತಿಗೆ ಕೂರಿಸಿಕೊಂಡಿದ್ದಾನೆ. ತನ್ನ ಕಲ್ಪನೆಗಳನ್ನು ಅವನು ತನ್ನದಾಗಿಸಿಕೊಂಡು ಪ್ರಶಸ್ತಿ ಗೆಲ್ಲುತ್ತಾನೆ, ಒಂದು ದಿನವೂ ಮೆಚ್ಚಿ ಮಾತಾಡುವುದಿಲ್ಲ ಎಂದು ಅವಳು ರೇಗುತ್ತಾಳೆ. ಸಂಬಳ ಕೊಡುವುದೇ ಅದಕ್ಕಲ್ಲವೇ ಎಂದು ಅವನು ಕಿರುಚುತ್ತಾನೆ. ಇಬ್ಬರೂ ಹೇಳುವುದು ನಿಜ ಎಂಬುದರಲ್ಲಿ ಆ ದೃಶ್ಯದ ಬಲವಿದೆ. ಎಲಿಸಬೆತ್ ಮಾಸ್ ಮತ್ತು ಜಾನ್ ಹ್ಯಾಮ್ ಬಹುಪಾಲು ಇಬ್ಬರೇ ಹೊತ್ತು ನಡೆಸುವ ಆ ಕಂತಿನಲ್ಲಿ ಪ್ರೇಮದ ಸುಳಿವೂ ಇಲ್ಲ, ಆದರೂ ಅಷ್ಟು ಆಪ್ತವಾದ ಸಂಬಂಧವನ್ನು ನಾನು ಕಿರುತೆರೆಯಲ್ಲಿ ಕಂಡದ್ದು ಕಡಿಮೆ.

ರೈಟರ್ರಿಗೆ ಮಾತ್ರ ಪೆಗ್ಗಿಗಿಂತ ಜೋನ್ ಮೇಲೆ ಹೆಚ್ಚು ಗೌರವ. ಕ್ರಿಸ್ಟಿನಾ ಹೆಂಡ್ರಿಕ್ಸ್ ನಟಿಸಿರುವ ಈ ಪಾತ್ರ ಆಫೀಸಿನ ಹೆಂಗಸರ ಮೇಲ್ವಿಚಾರಕಿ. ಕಾಗದ, ಪೆನ್ನು, ಹಾಜರಿ, ಯಾರು ಯಾರ ಮುಂದೆ ಅಳಬಾರದು ಎಂಬುದೂ ಅವಳ ಕೈಯಲ್ಲಿದೆ. ಆಫೀಸು ನಡೆಯುವುದೇ ಅವಳಿಂದ, ಆದರೆ ಲಾಭದಲ್ಲಿ ಪಾಲು ಸಿಗಬೇಕಾದಾಗ ಗಂಡಸರು ಅವಳ ಮುಂದಿಡುವ ಬೆಲೆಯನ್ನು ಐದನೆಯ ಸೀಸನ್ನಿನಲ್ಲಿ ನೋಡಿ ನಮ್ಮ ಹಜಾರದಲ್ಲಿ ಯಾರೂ ಮಾತಾಡಲಿಲ್ಲ. ಆರನೆಯ ಸೀಸನ್ನಿನಲ್ಲಿ ಜೋನ್, ಆ ಆಫೀಸಿನ ಮೊದಲ ಕಪ್ಪು ಸೆಕ್ರೆಟರಿಯಾದ ಡಾನ್ ಚೇಂಬರ್ಸ್‌ಗೆ (ಹೆಸರಿನ ಉಚ್ಚಾರ ಹೆಚ್ಚುಕಡಿಮೆ ನಾಯಕನದೇ, ಹುಡುಗಿ ಬೇರೆ) ಸಾಮಾನು ಕೋಣೆಯ ಬೀಗದ ಕೈಯನ್ನೂ ಹಾಜರಿ ಚೀಟಿಗಳ ಉಸ್ತುವಾರಿಯನ್ನೂ ಒಪ್ಪಿಸುತ್ತಾಳೆ. ಮೇಲುನೋಟಕ್ಕೆ ಬಡ್ತಿ. ರೈಟರ್ರು ತಕ್ಷಣ ತಲೆಯಲ್ಲಾಡಿಸಿದರು: ಚೆಕ್‌ರೋಲ್ ಕೈಗೆ ಬಂದ ದಿನದಿಂದ ಕೂಲಿಯಾಳುಗಳ ಲೈನ್‌ಮನೆಯ ಜನ ತಮ್ಮೊಡನೆ ಮೊದಲಿನಂತೆ ನಗುವುದನ್ನು ಬಿಟ್ಟರಂತೆ. ಅರ್ಧ ಹಾಜರಿ ಹಾಕಿದವನು ಸಾಹುಕಾರರಾದರೂ ಬೈಗುಳ ಬೀಳುತ್ತಿದ್ದುದು ಇವರಿಗೆ.

ಧಾರಾವಾಹಿಯ ದೊಡ್ಡ ಕೊರತೆ ಇರುವುದೂ ಇಲ್ಲೇ. ಬೇರೆ ಸಂಸ್ಥೆಯೊಂದನ್ನು ಗೇಲಿ ಮಾಡಲು, ನಾವು ಎಲ್ಲರಿಗೂ ಸಮಾನ ಅವಕಾಶ ಕೊಡುತ್ತೇವೆ ಎಂದು ಇವರು ಪತ್ರಿಕೆಯಲ್ಲಿ ಹುಡುಗಾಟಕ್ಕೆ ಜಾಹೀರಾತು ಹಾಕಿದಾಗ, ಕಪ್ಪು ಜನ ನಿಜವಾಗಿಯೂ ಕೆಲಸ ಕೇಳಿಕೊಂಡು ಬಂದು ಮುಂಗೋಣೆಯ ತುಂಬ ನಿಲ್ಲುತ್ತಾರೆ. ಡಾನ್ ಚೇಂಬರ್ಸ್ ಕೆಲಸಕ್ಕೆ ಸೇರುವುದು ಆ ಹುಡುಗಾಟದ ಫಲವಾಗಿ. ಅಷ್ಟು ಚುರುಕಾಗಿ ಬಾಗಿಲು ತೆರೆದ ಕಥೆ, ಅವಳ ಹಿಂದೆ ಅವಳ ಮನೆಯವರೆಗೆ ಹೋಗುವುದಿಲ್ಲ. ಡಾನ್‌ನ ಮಕ್ಕಳನ್ನು ಸಾಕುವ ಕಾರ್ಲಾ, ಲಿಫ್ಟ್ ನಡೆಸುವ ಹೋಲಿಸ್, ಇವರೂ ಅಷ್ಟೇ: ಬರುತ್ತಾರೆ, ಕೆಲಸ ಮಾಡುತ್ತಾರೆ, ಚೌಕಟ್ಟಿನಾಚೆ ಹೋಗುತ್ತಾರೆ. ಆ ಕಾಲದ ಆಫೀಸಿನವರ ಕಣ್ಣಿಗೆ ಇವರು ಕಾಣುತ್ತಿರಲಿಲ್ಲ, ಅದನ್ನೇ ತೋರಿಸಿದ್ದಾರೆ ಎಂಬ ಸಮರ್ಥನೆ ತಂಗಿಯ ಮಗಳದು. ಏಳು ಸೀಸನ್ ಉದ್ದಕ್ಕೂ ಡಾನ್‌ನ ಬಾಲ್ಯವನ್ನು ಮತ್ತೆ ಮತ್ತೆ ಅಗೆದು ತೋರಿಸಲು ಸಮಯವಿದ್ದವರಿಗೆ ಕಾರ್ಲಾಳ ಒಂದು ಸಂಜೆಗೆ ಸಮಯವಿರಲಿಲ್ಲವೇ ಎಂಬುದು ನನ್ನ ಪ್ರಶ್ನೆ. ಅಂದಹಾಗೆ ಆ ಬಾಲ್ಯದ ದೃಶ್ಯಗಳು, ವಿಶೇಷವಾಗಿ ಆರನೆಯ ಸೀಸನ್ನಿನವು, ಇಡೀ ಧಾರಾವಾಹಿಯಲ್ಲಿ ಅತ್ಯಂತ ಸಪ್ಪೆಯಾದವು. ಹೊಸ ಹೆಣ್ಣು, ಹಳೆಯ ಸುಳ್ಳು ಎಂಬ ಡಾನ್‌ನ ಸುತ್ತಾಟವೂ ಆ ಹೊತ್ತಿಗೆ ಬೇಸರ ತರಿಸಿರುತ್ತದೆ.

ಕಾಫಿ ಬೆಳೆಯುವವರ ಮನೆಯಲ್ಲಿ ನೋಡಿದ್ದರಿಂದ, ಬೇರೆಯವರು ಗಮನಿಸದೆ ದಾಟಿಬಿಡುವ ಒಂದು ಪ್ರಸಂಗದ ಬಳಿ ನಾವು ತುಂಬ ಹೊತ್ತು ನಿಂತೆವು. ಎರಡನೆಯ ಸೀಸನ್ನಿನಲ್ಲಿ ಮಾರ್ಟಿನ್ಸನ್ ಎಂಬ ಕಾಫಿಯವರು ಬರುತ್ತಾರೆ, ಹೊಸ ತಲೆಮಾರು ಕಾಫಿ ಕುಡಿಯುತ್ತಿಲ್ಲವೆಂಬ ಚಿಂತೆಯೊಂದಿಗೆ. ಸಂಸ್ಥೆಯ ಇಬ್ಬರು ಎಳೆಯ ಹುಡುಗರು ಅವರಿಗೆ ಕಾಫಿಯ ರುಚಿಯ ಮಾತೇ ಇಲ್ಲದ, ದ್ವೀಪಗಳ ಲಯದ ಒಂದು ಹಾಡನ್ನು ಕೇಳಿಸುತ್ತಾರೆ, ವ್ಯವಹಾರ ಕುದುರುತ್ತದೆ. ಕಥೆಯಲ್ಲಿ ಅದು 1962. ಆ ವರ್ಷ ಕೊಡಗಿನ ಬೆಳೆಗಾರ, 1942ರ ಕಾಫಿ ಕಾಯ್ದೆಯ ಪ್ರಕಾರ, ತನ್ನ ಬೆಳೆಯನ್ನು ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ ಹಣಕ್ಕಾಗಿ ಕಂತು ಕಂತಾಗಿ ಕಾಯುತ್ತಿದ್ದ. ಕೊಳ್ಳುವವನ ಮುಖವನ್ನು ಅವನು ಕಾಣುತ್ತಿರಲಿಲ್ಲ. ಆ ಕಟ್ಟು ಪೂರ್ತಿ ಬಿಚ್ಚಿದ್ದು 1990ರ ದಶಕದಲ್ಲಿ. ನಾವು ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನ ಚೀಟಿ ಹಿಡಿದು ಕಾದಿದ್ದ ಕಾಲದಲ್ಲಿ ಲೋಕದ ಇನ್ನೊಂದು ತುದಿಯಲ್ಲಿ ಕಾಫಿ ಎಂದರೆ ಒಂದು ರಾಗವಾಗಿತ್ತು ಎಂಬುದನ್ನು ನೋಡಿ ನನಗೆ ನಗು ಬಂತು, ರೈಟರ್ರಿಗೆ ಬರಲಿಲ್ಲ.

ತಂಗಿಯ ಮಗಳ ಅಭಿಪ್ರಾಯ ವೃತ್ತಿಯವರದು, ಆದ್ದರಿಂದ ಸ್ವಲ್ಪ ಖಾರ. ಮೊದಲ ಕಂತಿನಲ್ಲಿ ಲಕ್ಕಿ ಸ್ಟ್ರೈಕ್ ಸಿಗರೇಟಿಗೆ ಡಾನ್ ಆ ಕ್ಷಣದಲ್ಲಿ ಹೊಳೆಯಿಸಿಕೊಂಡಂತೆ ಹೇಳುವ ಘೋಷವಾಕ್ಯ ವಾಸ್ತವದಲ್ಲಿ 1917ರಷ್ಟು ಹಳೆಯದು ಎಂದು ಅವಳೇ ತೋರಿಸಿದಳು. “ಒಂದು ಭಾಷಣಕ್ಕೆ ಗ್ರಾಹಕರು ಕಣ್ಣೀರು ಹಾಕಿ ಒಪ್ಪುವುದು ಸೀರಿಯಲ್ಲಿನಲ್ಲಿ ಮಾತ್ರ ಮಾವ, ನಮ್ಮಲ್ಲಿ ಹದಿನಾರು ಸಲ ತಿದ್ದಿಸುತ್ತಾರೆ” ಎಂದಳು. ಹೀಗೆಂದವಳೇ, ಮೊದಲ ಸೀಸನ್ನಿನ ಕೊನೆಯಲ್ಲಿ ಡಾನ್ ಕೊಡಾಕ್ ಕಂಪನಿಯ ಸ್ಲೈಡ್ ಯಂತ್ರಕ್ಕೆ ತನ್ನದೇ ಮನೆಯವರ ಚಿತ್ರಗಳನ್ನು ಹಾಕಿ ‘ಕ್ಯಾರೊಸೆಲ್’ ಎಂಬ ಹೆಸರು ಕೊಡುವ ದೃಶ್ಯವನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿದಳು. ನನ್ನ ಹೆಂಡತಿ ಎರಡನೆಯ ಸೀಸನ್ನಿನ ನಡುವೆಯೇ ಎದ್ದು ಹೋದಳು. ಒಬ್ಬರಾದರೂ ಒಳ್ಳೆಯವರು ಬೇಡವೇ ಎಂಬುದು ಅವಳ ತಕರಾರು, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮದ್ಯ ಕಂಡು ಬೆಚ್ಚುವ ನಾಡಲ್ಲ ನಮ್ಮದು. ಆದರೂ ಆಫೀಸಿನ ಕೋಣೆಯಲ್ಲಿ ಮಟಮಟ ಹಗಲಲ್ಲೇ ವಿಸ್ಕಿ ಸುರಿದುಕೊಳ್ಳುವುದನ್ನು ಕಂತಿನಿಂದ ಕಂತಿಗೆ ನೋಡುವುದು ಅವಳಿಗೆ ಹಿಡಿಸಲಿಲ್ಲ.

ನೋಡಬಯಸುವವರಿಗೆ ಎರಡು ಮಾತು. ಇದು ಮಕ್ಕಳೊಡನೆ ಕುಳಿತು ನೋಡುವಂಥದ್ದಲ್ಲ. ನಮ್ಮ ಪ್ರತಿಯಲ್ಲಿ ಕನ್ನಡ ಅಡಿಬರಹ ಇರಲಿಲ್ಲ. ಮಾತು ನಿಧಾನವಾದ್ದರಿಂದ ಇಂಗ್ಲಿಷ್ ಅಡಿಬರಹ ಹಾಕಿಕೊಂಡರೆ ಕಷ್ಟವಾಗುವುದಿಲ್ಲ. ಮೊದಲ ನಾಲ್ಕೈದು ಕಂತು ಏನೂ ನಡೆಯದಂತೆ ಅನಿಸಿದರೂ ಸೀಸನ್ ಮುಗಿಯುವವರೆಗೆ ತಾಳಿಕೊಳ್ಳಿ, ಅಲ್ಲಿಯವರೆಗೂ ಹಿಡಿಸದಿದ್ದರೆ ಬಿಟ್ಟುಬಿಡಿ. ಕೊನೆಯ ದೃಶ್ಯವನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ನೋಡಿ ತಂಗಿಯ ಮಗಳು ಗಟ್ಟಿಯಾಗಿ ನಕ್ಕಳು, ನಾನು ಡಾನ್ ಬದಲಾದನೆಂದು ವಾದಿಸಿದೆ. ರೈಟರ್ರು ಆ ವಾದಕ್ಕೆ ಬರಲಿಲ್ಲ. ಕೊಡೆ ಹುಡುಕುತ್ತ, ಜೆರಾಕ್ಸ್ ಯಂತ್ರ ಬರುವ ಕಂತಿನ ತಟ್ಟೆ ಯಾವುದೆಂದು ಕೇಳಿ ಅದನ್ನು ಮನೆಗೆ ಒಯ್ದರು.