ಆಯಿಲ್ ಒತ್ತಡದ ಮೇಲೆ ನಿಂತ ಕಾರಿನಡಿ ಹೋಗಬೇಡಿ

ಹೈಡ್ರಾಲಿಕ್ ಸಸ್ಪೆನ್ಷನ್ ಇರುವ ಹಳೆಯ ಸಿಟ್ರೊಯೆನ್ ಕಾರನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಎಡಗೈಯ ಎರಡು ಬೆರಳು ಮುರಿದು ಏಳು ವಾರ ಆಯಿತು. ಆ ದಿನ ನನ್ನ ತಮ್ಮ ಜೊತೆಗಿರದಿದ್ದರೆ ಇದನ್ನು ಬರೆಯಲು ನಾನು ಉಳಿಯುತ್ತಿರಲಿಲ್ಲ.

ನನ್ನದು ಬಿಎಕ್ಸ್. 1982ರಲ್ಲಿ ಬಂದ ಮಾದರಿ. ಇದಕ್ಕೆ ಉಳಿದ ಕಾರುಗಳ ಹಾಗೆ ಸುರುಳಿ ಸ್ಪ್ರಿಂಗ್ ಇಲ್ಲ. ಪ್ರತಿ ಚಕ್ರಕ್ಕೂ ಸ್ಫಿಯರ್ ಎಂಬ ಲೋಹದ ಗುಂಡು ಇರುತ್ತದೆ. ಅದರ ನಡುವೆ ಒಂದು ರಬ್ಬರ್ ಪದರ. ಒಂದು ಬದಿಗೆ ನೈಟ್ರೋಜನ್ ಗ್ಯಾಸ್, ಇನ್ನೊಂದು ಬದಿಗೆ ಆಯಿಲ್. ಕುಲುಕಾಟವನ್ನು ಗ್ಯಾಸ್ ನುಂಗುತ್ತದೆ, ಕಾರನ್ನು ಎತ್ತಿ ಹಿಡಿಯುವುದು ಆಯಿಲ್. 1955ರ ಸಿಟ್ರೊಯೆನ್ ಡಿಎಸ್ ಕಾರಿನ ನಾಲ್ಕೂ ಚಕ್ರಗಳಿಗೆ ಇದೇ ವ್ಯವಸ್ಥೆ ಇತ್ತು. ವರ್ಷ ಕಳೆದಂತೆ ಗ್ಯಾಸ್ ಸ್ವಲ್ಪ ಸ್ವಲ್ಪವೇ ಸೋರಿಹೋಗುತ್ತದೆ. ಆಗ ಸವಾರಿ ಗಡುಸಾಗುತ್ತದೆ. ನನ್ನ ಕಾರಿನ ಹಿಂಭಾಗ ಸಣ್ಣ ಕಲ್ಲು ಸಿಕ್ಕರೂ ಎತ್ತಿನ ಗಾಡಿಯಂತೆ ಧಡಕ್ ಅನ್ನುತ್ತಿತ್ತು. ಹಿಂದಿನ ಎರಡೂ ಸ್ಫಿಯರ್ ಬದಲಿಸೋಣ ಅಂತ ಹೊಸದು ತರಿಸಿದೆ.

ಸ್ಫಿಯರ್ ಬಿಚ್ಚುವುದು ಕಷ್ಟದ ಕೆಲಸವಲ್ಲ. ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ತೆಗೆಯುವುದು ಅಷ್ಟೆ. ಆದರೆ ಹಿಂದಿನವು ಕಾರಿನ ಅಡಿಯಲ್ಲಿವೆ. ಕೈಯಾಡಲು ಜಾಗ ಬೇಕಲ್ವಾ? ಎಂಜಿನ್ ಚಾಲೂ ಮಾಡಿ, ಕಾರಿನ ಎತ್ತರ ಬದಲಿಸುವ ಲಿವರನ್ನು ಅತ್ಯಂತ ಮೇಲಿನ ಹಂತಕ್ಕೆ ಹಾಕಿದೆ. ಕಾರು ತಾನಾಗಿ ಮೇಲೆದ್ದಿತು. ಎಂಜಿನ್ ಆಫ್ ಮಾಡಿದೆ. ಆಯಿಲಿಗೆ ಒತ್ತಡ ಕೊಡುವ ಪಂಪು ನಿಂತಿತು, ಇನ್ನು ಒತ್ತಡ ಇರುವುದಿಲ್ಲ ಎಂದುಕೊಂಡೆ.

ಅಲ್ಲೇ ತಪ್ಪಿದ್ದು. ಒತ್ತಡ ಇರದಿದ್ದರೆ ಕಾರು ಅಷ್ಟು ಎತ್ತರದಲ್ಲಿ ನಿಂತಿದ್ದಾದರೂ ಹೇಗೆ? ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ನಾನು ಯಾವತ್ತೂ ತಲೆ ಹಾಕಿದವನಲ್ಲ. ಅವತ್ತು ಜಾಕ್ ಇರಲಿಲ್ಲ, ನಾಲ್ಕೂ ಚಕ್ರ ನೆಲದ ಮೇಲಿದ್ದವು. ಅದಕ್ಕೇ ಭಯ ಆಗಲಿಲ್ಲ.

ತಮ್ಮ ಮಾತ್ರ "ಅಣ್ಣ, ಯಾಕೋ ಸರಿ ಕಾಣ್ತಿಲ್ಲ, ಸ್ವಲ್ಪ ತಡಿ" ಅಂದ. ಡಿಕ್ಕಿಯಲ್ಲಿದ್ದ ಎರಡು ಸ್ಟೆಪ್ನಿ ಚಕ್ರಗಳನ್ನು ತಂದು ಒಂದರ ಮೇಲೊಂದು ಮಲಗಿಸಿ, ಬಾಗಿಲ ಕೆಳಗಿನ ಅಂಚಿನಡಿ ತಳ್ಳಿದ. ನಾನು ಒಳಗೆ ಜಾರಿ ಸ್ಫಿಯರಿಗೆ ಚೈನ್ ಸ್ಪ್ಯಾನರ್ ಹಾಕಿದೆ. ತುಂಬಾ ಬಿಗಿ ಇತ್ತು. ತುಕ್ಕು ಹಿಡಿದಿರಬೇಕು ಎಂದು ಇನ್ನೂ ಜೋರಾಗಿ ಎಳೆದೆ. ಚೂರು ತಿರುಗಿತು, ಇನ್ನೊಂದು ಚೂರು. ಆಮೇಲೆ ಸರ್ರನೆ ಸದ್ದು, ಮುಖದ ತುಂಬಾ ಹಸಿರು ಆಯಿಲ್, ಕಾರಿನ ಹಿಂಭಾಗ ಒಂದು ಗೇಣಿನಷ್ಟು ಕೆಳಗೆ. ಕೈ ಹಿಂದೆಗೆದುಕೊಳ್ಳಲು ಸಮಯವೇ ಸಿಗಲಿಲ್ಲ. ಕಾರಿನ ಅಂಚು ಆ ಚಕ್ರಗಳ ಮೇಲೆ ಕೂತಿತು. ಎದೆಯ ಮೇಲೆ ಭಾರ ಬೀಳಲಿಲ್ಲ. ಆದರೆ ಬೆರಳು ಸ್ಪ್ಯಾನರ್ ಹಿಡಿಗೂ ನೆಲಕ್ಕೂ ನಡುವೆ ಸಿಕ್ಕಿಕೊಂಡವು. ತಮ್ಮ ಜಾಕ್ ಹಾಕಿ ಎತ್ತುವವರೆಗಿನ ಆ ಹೊತ್ತು ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ.

ಈ ವ್ಯವಸ್ಥೆಯ ಮುಖ್ಯ ಒತ್ತಡ ಸುಮಾರು 145ರಿಂದ 170 ಬಾರ್. ಕಾರಿನ ಟೈರಿನಲ್ಲಿರುವುದು 2 ಬಾರ್ ಚಿಲ್ಲರೆ. ಎಂಜಿನ್ ನಿಂತರೂ ಈ ಒತ್ತಡ ಒಳಗೇ ಕೂತಿರುತ್ತದೆ.

ಮಾಡಬೇಕಾದದ್ದು ಹೀಗಿತ್ತು. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಲಿವರಿನಿಂದ ಮೇಲೆತ್ತಿ. ಬಾಡಿಯ ಗಟ್ಟಿ ಜಾಗಗಳಡಿ ನಾಲ್ಕೂ ಕಡೆ ಸ್ಟ್ಯಾಂಡ್ ಇಡಿ, ಹೊರಗಿನಿಂದಲೇ ಕೈ ಚಾಚಿ. ಆಮೇಲೆ ಲಿವರನ್ನು ಅತ್ಯಂತ ಕೆಳಗಿನ ಹಂತಕ್ಕೆ ಹಾಕಿ, ಕಾರು ಸ್ಟ್ಯಾಂಡುಗಳ ಮೇಲೆ ಪೂರ್ತಿ ಕೂರಲಿ. ಎಂಜಿನ್ ಆಫ್ ಮಾಡಿ, ಪ್ರೆಷರ್ ರೆಗ್ಯುಲೇಟರಿನ (ಆಯಿಲ್ ಒತ್ತಡವನ್ನು ಹದದಲ್ಲಿಡುವ ಭಾಗ) ಒತ್ತಡ ಇಳಿಸುವ ಸ್ಕ್ರೂವನ್ನು ಒಂದು ಸುತ್ತು ಸಡಿಲ ಮಾಡಿ. 12 ಎಂಎಂ ಸ್ಪ್ಯಾನರ್ ಸಾಕು. ಪೂರ್ತಿ ಬಿಚ್ಚಬೇಡಿ, ಒಳಗಿನ ಸಣ್ಣ ಗೋಲಿ ಕಳೆದುಹೋಗುತ್ತದೆ. ಬುಸ್ಸೆಂದು ಸದ್ದು ಕೇಳಬೇಕು. ಬ್ರೇಕೂ ಇದೇ ಒತ್ತಡದಲ್ಲಿ ನಡೆಯುವುದರಿಂದ ಪೆಡಲನ್ನೂ ಹಲವು ಸಲ ಒತ್ತಿ. ಇಷ್ಟಾದ ಮೇಲೂ ಸ್ಫಿಯರ್ ಜಾಸ್ತಿ ಬಿಗಿ ಅನ್ನಿಸಿದರೆ ಸುಮ್ನೆ ಬಲ ಹಾಕಬೇಡಿ. ಒಳಗೆ ಒತ್ತಡ ಉಳಿದಿರಬಹುದು.

ನಂತರ ಬಂದ ಕೆಲವು ಮಾದರಿಗಳಲ್ಲಿ, ನಿಲ್ಲಿಸಿದ ಕಾರು ಕುಸಿಯದಂತೆ ತಡೆಯುವ ವಾಲ್ವ್ ಇದೆ. ಅಂಥ ಕಾರಿನಲ್ಲಿ ಈ ಸ್ಕ್ರೂ ಒಂದನ್ನೇ ಸಡಿಲ ಮಾಡಿದರೆ ಸಸ್ಪೆನ್ಷನ್ ಒತ್ತಡ ಇಳಿಯುವುದಿಲ್ಲ. ನಿಮ್ಮ ಮಾದರಿಯ ಕೈಪಿಡಿ ನೋಡದೆ ಕೈ ಹಾಕಲೇಬೇಡಿ.

ಆಯಿಲ್ ವಿಷಯ ಒಂದು ಮಾತು. ಇದಕ್ಕೆ ಬೇಕಾದದ್ದು ಎಲ್‌ಎಚ್‌ಎಂ ಎಂಬ ಹಸಿರು ಮಿನರಲ್ ಆಯಿಲ್. ಬ್ರೇಕ್ ಇದೇ ಆಯಿಲಿನಲ್ಲಿ ನಡೆಯುತ್ತದೆ ಅಂತ ಮಾಮೂಲಿ ಬ್ರೇಕ್ ಆಯಿಲ್ ಸುರಿದರೆ ಸೀಲುಗಳೆಲ್ಲ ಹಾಳಾಗುತ್ತವೆ.

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳಿಗಿಂತ ಮೊದಲು ಕೇಳಿದ್ದು, ಆಯಿಲ್ ಚರ್ಮದೊಳಗೆ ಹೊಕ್ಕಿದೆಯಾ ಅಂತ. ಪುಣ್ಯಕ್ಕೆ ಇಲ್ಲ. ಕಣ್ಣಿಗೆ ಕನ್ನಡಕ ಇತ್ತು, ಕೈಗೆ ದಪ್ಪ ಗ್ಲೌಸ್ ಇತ್ತು. ಸಣ್ಣ ತೂತಿನಿಂದ ಇಷ್ಟು ಒತ್ತಡದಲ್ಲಿ ಚಿಮ್ಮುವ ಆಯಿಲ್ ಸೂಜಿಯಂತೆ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಒಂದು ಚುಕ್ಕೆ ಮಾತ್ರ ಕಾಣಿಸುತ್ತದೆ, ಮೊದಲಿಗೆ ನೋವೂ ಅಷ್ಟಾಗಿ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ಒಳಗಿನ ಮಾಂಸ ಕೆಡಲು ಶುರುವಾಗುತ್ತದೆ, ಬೆರಳನ್ನೇ ಕತ್ತರಿಸಬೇಕಾಗಿ ಬರಬಹುದು. ಹಾಗಾಗಿ ಸೋರುವ ಪೈಪನ್ನು ಬೆರಳಿನಿಂದ ಸವರಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಚುಕ್ಕೆಯಷ್ಟೇ ಗಾಯವಾದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಹೆಚ್ಚು ಒತ್ತಡದ ಆಯಿಲ್ ಒಳಗೆ ಹೋಗಿದೆ ಎಂದು ನೀವೇ ಬಾಯಿಬಿಟ್ಟು ಹೇಳಿ.